‘ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ’: ಓದುಗರ ಸ್ಪಂದನ

ಸುಂಟಿಕೊಪ್ಪ ಕಡೆಯ ಓದುಗಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಕಷ್ಟ ಬರೆದಿದ್ದರು. ಗಂಡ ಕಾಫಿ ತೋಟದಲ್ಲಿ ರೈಟರ್. ಕುಡಿತ, ಸಾಲ, ಹೊಡೆತ. ಕೊನೆಗೆ ಮಗಳನ್ನು ಕರೆದುಕೊಂಡು ತಾಯಿಯ ಮನೆಗೆ ಬಂದಿದ್ದಾರೆ. ಚಿಕ್ಕಂದಿನಿಂದ ಚರ್ಚಿನಲ್ಲಿ ಹಾಡಿದವರು, ಈಗ ಅದರ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಜನ ತಿರುಗಿ ನೋಡುತ್ತಾರೆ, ‘ಕ್ಷಮಿಸಿ ವಾಪಸ್ ಹೋಗು’ ಅನ್ನುತ್ತಾರೆ. ಗಂಡನನ್ನು ಬಿಟ್ಟವಳು ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸಬಾರದು ಅಂತಲೂ ಯಾರೋ ಹೇಳಿದ್ದಾರೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ‘ಒಡೆದುಹೋದವಳನ್ನು ದೇವರು ಮತ್ತೆ ಹೊಸದಾಗಿ ಮಾಡುತ್ತಾನಾ, ಅಥವಾ ಅದು ಬರೀ ಪ್ರಸಂಗದ ಮಾತಾ?’ ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ವಿರಾಜಪೇಟೆಯಿಂದ

ಮಗಳೇ, ನಿನ್ನ ಪತ್ರ ಓದಿದ ಮೇಲೆ ಬೈಬಲ್ ತೆಗೆದು ರೂತಳ ಪುಸ್ತಕ ಓದಿದೆ. ನಾಲ್ಕೇ ಅಧ್ಯಾಯ, ನೀನೂ ಓದು. ಎಲ್ಲರೂ ರೂತಳ ಬಗ್ಗೆ ಮಾತಾಡುತ್ತಾರೆ. ನೀನು ಅತ್ತೆ ನೊವೊಮಿಯನ್ನು ನೋಡು. ಬರಗಾಲಕ್ಕೆ ಊರು ಬಿಟ್ಟು ಮೋವಾಬಿಗೆ ಹೋದವಳು. ಅಲ್ಲಿ ಗಂಡ ತೀರಿಹೋದ, ಇಬ್ಬರು ಗಂಡುಮಕ್ಕಳೂ ತೀರಿಹೋದರು. ಬೆತ್ಲೆಹೇಮಿಗೆ ವಾಪಸ್ ಬಂದಾಗ ಊರಿಗೆ ಊರೇ ಗುಜುಗುಜು. ‘ಇವಳು ನೊವೊಮಿನಾ?’ ಅಂತ ಹೆಂಗಸರು ಕೇಳುತ್ತಾರೆ. ಚರ್ಚಿನ ಅಂಗಳದಲ್ಲಿ ನಿನಗೆ ಆಗುವುದೂ ಇದೇ, ಅಲ್ವಾ?

ಅವಳು ಏನನ್ನೂ ಮುಚ್ಚಿಡುವುದಿಲ್ಲ. ತುಂಬಿಕೊಂಡು ಹೋದೆ, ದೇವರು ನನ್ನನ್ನು ಬರಿಗೈಯಲ್ಲಿ ಕರೆತಂದ ಅನ್ನುತ್ತಾಳೆ. ದೂರು ಇರುವುದು ದೇವರ ಮೇಲೇ! ಹಾಗೆ ಅಂದಿದ್ದಕ್ಕೆ ಆ ಪುಸ್ತಕದಲ್ಲಿ ಯಾರೂ ಅವಳನ್ನು ಬೈದಿಲ್ಲ. ದೇವರೂ ಬೈದಿಲ್ಲ. ಆಮೇಲೆ ಆಗಿದ್ದು ಪವಾಡವೂ ಅಲ್ಲ. ಜವೆಗೋಧಿ ಕೊಯ್ಲಿನ ಸಮಯ, ಸೊಸೆ ಹೊಲಕ್ಕೆ ಹೋಗಿ ಹಕ್ಕಲು ಆಯ್ದು ತಂದಳು. ಆ ರಾತ್ರಿ ಊಟ ಆಯಿತು. ಮಾರನೆಯ ದಿನವೂ ಆಯಿತು. ದೇವರು ಹೊಸದು ಮಾಡುವುದನ್ನು ನಾನು ನೋಡಿದ್ದು ಹೀಗೇ. ಒಂದೊಂದು ಊಟ, ಒಂದೊಂದು ದಿನ.

ಜನ ನೋಡುವುದಕ್ಕೆ ಹೆದರಬೇಡ. ಒಂದು ದಿನ ನಮ್ಮ ಸಂತ ಅನ್ನಮ್ಮ ಚರ್ಚಿಗೆ ಬಾ. 1792ರಲ್ಲಿ ಶುರುವಾದದ್ದು. ಟಿಪ್ಪುವಿನ ಕಾಲದಲ್ಲಿ ಮಂಗಳೂರು ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕ್ರೈಸ್ತರಲ್ಲಿ ಕೆಲವರು ತಪ್ಪಿಸಿಕೊಂಡು ಕೊಡಗಿಗೆ ಬಂದರು. ದೊಡ್ಡ ವೀರರಾಜೇಂದ್ರ ಅವರಿಗೆ ಇಲ್ಲಿ ನೆಲೆ ಕೊಟ್ಟ. ಗಂಡ ಎಲ್ಲಿದ್ದಾನೆ, ಮಕ್ಕಳು ಬದುಕಿದ್ದಾರಾ ಅಂತ ಗೊತ್ತಿಲ್ಲದ ಹೆಂಗಸರು ಅವರಲ್ಲಿ ಎಷ್ಟು ಜನ ಇದ್ದರೋ. ಇಲ್ಲಿ ಮೊದಮೊದಲು ಪೂಜೆಗೆ ಸೇರಿದವರಲ್ಲಿ ಮನೆ ಮುರಿಯದವರು ಯಾರಿದ್ದಿರಬೇಕು ಹೇಳು? ಈಗ ಒಳ್ಳೆ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂರುವ ನಾವು ಅದನ್ನು ಮರೆತಿದ್ದೇವೆ.

ಭಾನುವಾರ ಆಗದಿದ್ದರೆ ವಾರದ ದಿನದ ಬೆಳಗಿನ ಪೂಜೆಗೆ ಹೋಗು. ಅಲ್ಲಿ ಇರುವವರು ನನ್ನಂಥ ಅಜ್ಜಿಯರು. ನಮಗೆ ಕಣ್ಣೂ ಸರಿಯಾಗಿ ಕಾಣುವುದಿಲ್ಲ.

ಜಂಬೂರಿನಿಂದ

ಅಕ್ಕಾ, ನಾನು ಮಕ್ಕಂದೂರು ಕಡೆಯವನು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆ, ತೋಟ ಎರಡೂ ಹೋದವು. ಈಗ ಇಲ್ಲಿ ಸರ್ಕಾರದ ಪುನರ್ವಸತಿ ಮನೆಯಲ್ಲಿದ್ದೇವೆ.

ಪರಿಹಾರ ಕೇಂದ್ರದಲ್ಲಿ ಇದ್ದಾಗ ಬಂದವರೆಲ್ಲ ‘ಎಲ್ಲ ದೇವರ ಚಿತ್ತ’ ಅಂದು ಹೋಗುತ್ತಿದ್ದರು. ಕೇಳಿ ಕೇಳಿ ಮೈ ಉರಿಯುತ್ತಿತ್ತು. ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಬಾಯಿ ತೆರೆದ ಮೇಲೇ ಕೆಟ್ಟದ್ದು. ಒಬ್ಬ ಬೋಧಕರಂತೂ ಹಳೆ ಕಾಫಿ ಗಿಡವನ್ನು ಬುಡಕ್ಕೆ ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ, ನೀವೂ ಹಾಗೇ ಅಂದರು. ಗಿಡ ಕತ್ತರಿಸಿದ್ದರೆ ಸರಿ, ನಮ್ಮದು ಮಣ್ಣೇ ಹೋಗಿದೆಯಲ್ಲ ಅಂದೆ. ಅವರು ಒಳ್ಳೆಯವರೇ. ಆಮೇಲೆ ಏನೂ ಹೇಳದೆ ಜೊತೆಗೆ ಕೂತು ಚಹಾ ಕುಡಿದರು. ನನಗೆ ಬೇಕಾಗಿದ್ದದ್ದು ಅಷ್ಟೇ.

ನನ್ನ ಹೆಂಡತಿ ರಾತ್ರಿ 88ನೇ ಕೀರ್ತನೆ ಓದುತ್ತಿದ್ದಳು. ಬೇರೆ ಗೋಳಿನ ಕೀರ್ತನೆಗಳು ಕೊನೆಗೆ ಎಲ್ಲೋ ಒಂದು ಕಡೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲಿ ಮುಗಿಯುತ್ತದೆ. ಇಂಥ ಪ್ರಾರ್ಥನೆಗೂ ಬೈಬಲಿನಲ್ಲಿ ಜಾಗ ಇದೆ ಅಂತ ಗೊತ್ತಾದಾಗ ನನಗೆ ಜೀವ ಬಂದ ಹಾಗಾಯಿತು. ನಿಮಗೆ ಮಾತು ಹೊರಡದಿದ್ದರೆ ಅದನ್ನು ಓದಿ. ನಿಮ್ಮ ಕಡೆಯಿಂದ ಒಂದು ಮಾತೂ ಸೇರಿಸಬೇಕಾಗಿಲ್ಲ.

ನಂಬಿಕೆ ಯಾವತ್ತು ವಾಪಸ್ ಬಂತು ಅಂತ ಕೇಳಿದರೆ ಹೇಳಲಾರೆ. ಕೇಂದ್ರದಲ್ಲಿ ಅಕ್ಕಿ ಮೂಟೆ ಇಳಿಸುವ ಕೆಲಸಕ್ಕೆ ನಿಂತಿದ್ದೆ. ನನ್ನ ಜೊತೆ ಮೂಟೆ ಹೊರುತ್ತಿದ್ದವನು ಮಾಪಿಳ್ಳೆ ಮುಸ್ಲಿಂ ಹುಡುಗ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ‘ಅಣ್ಣ, ನೀವು ಇವತ್ತು ಶಿಲುಬೆ ಗುರುತು ಹಾಕಿಕೊಂಡಿರಿ’ ಅಂದ. ನನಗೆ ಗೊತ್ತೇ ಆಗಿರಲಿಲ್ಲ.

ಮಡಿಕೇರಿಯಿಂದ, ನರ್ಸ್ ಒಬ್ಬರು

ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ಆ ಸಾಲಿನಲ್ಲೇ ನಿಂತಿತು. ಇದನ್ನು ನಂಬಿಕೆ ಕಡಿಮೆಯಾದದ್ದರ ಗುರುತು ಅಂದುಕೊಳ್ಳಬೇಡಿ. ಖಿನ್ನತೆ ಇರಬಹುದು, ಡಾಕ್ಟರಿಗೆ ತೋರಿಸಿ.

ಬೈಬಲಿನ 1 ಅರಸುಗಳು, 19ನೇ ಅಧ್ಯಾಯ ತೆಗೆಯಿರಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಕೆಲಸ ಮಾಡಿದ ಪ್ರವಾದಿ ಎಲೀಯ, ರಾಣಿಯ ಬೆದರಿಕೆಗೆ ಹೆದರಿ ಅಡವಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕೂತು ‘ಸಾಕು, ನನ್ನ ಪ್ರಾಣ ತೆಗೆದುಬಿಡು’ ಅನ್ನುತ್ತಾನೆ. ಬಂದ ದೇವದೂತ ಉಪದೇಶ ಮಾಡಲಿಲ್ಲ. ಏಳು, ತಿನ್ನು ಅಂದ. ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಆಗಲೂ ಬೈಗುಳ ಇಲ್ಲ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರು ಅವನ ಜೊತೆ ಮಾತಾಡಿದ್ದು ಎಷ್ಟೋ ದಿನ ಆದ ಮೇಲೆ. ನಾನು ಈ ಕೆಲಸಕ್ಕೆ ಬಂದ ಮೇಲೆ ಈ ಅಧ್ಯಾಯ ಜಾಸ್ತಿ ಅರ್ಥವಾಗಿದೆ.

ಟೆಲಿ-ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, 2022ರಲ್ಲಿ ಶುರುವಾದದ್ದು. ನಂಬರ್ 14416. ದುಡ್ಡಿಲ್ಲ, ರಾತ್ರಿಯಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಆ ಕ್ಷಣವೇ ಮಾಡಿ. ಗಂಡ ಬಂದು ಗಲಾಟೆ ಮಾಡಿದರೆ ಮಹಿಳೆಯರ ಸಹಾಯವಾಣಿ 181.

ಇನ್ನೊಂದು ಮಾತು, ಕೆಲವರಿಗೆ ಬೇಜಾರಾಗಬಹುದು. ಧ್ಯಾನಕೂಟಕ್ಕೆ ಹೋಗಿ ಮನಸ್ಸು ಹಗುರ ಮಾಡಿಕೊಂಡು ಬರುವವರನ್ನು ನೋಡಿದ್ದೇನೆ, ಹೋಗಬೇಡಿ ಅನ್ನುವುದಿಲ್ಲ. ಆದರೆ ‘ಮಾತ್ರೆ ಬಿಡು, ನಂಬಿಕೆ ಸಾಕು’ ಅನ್ನುವ ಕಡೆಯಿಂದ ಎದ್ದು ಬನ್ನಿ. ಒಂದೇ ರಾತ್ರಿಯಲ್ಲಿ ಬಿಡುಗಡೆ ಅಂತ ಹೇಳಿ ಕಾಣಿಕೆ ಕೇಳುವ ಕಡೆಯಿಂದ ಇನ್ನೂ ಬೇಗ ಎದ್ದು ಬನ್ನಿ.

ಕುಶಾಲನಗರದಿಂದ

ಎಲ್ಲರೂ ನಿಮ್ಮ ಗಂಡನಿಗೆ ಬೈದು ಬರೆದಿರುತ್ತಾರೆ. ನಾನು ಬೇರೆ ಮಾತು ಹೇಳುತ್ತೇನೆ. ಕುಡಿತ ರೋಗ. ನನ್ನ ಅಣ್ಣ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗಿ ಹೋಗಿ ಬಿಟ್ಟ. ಅತ್ತಿಗೆ ಅವನಿಗಾಗಿ ಪ್ರಾರ್ಥನೆ ನಿಲ್ಲಿಸಿರಲಿಲ್ಲ. ಅಷ್ಟು ವರ್ಷ ಅವರು ತವರಿನಲ್ಲೇ ಇದ್ದರು ಅನ್ನುವುದೂ ನಿಜ. ನೀವೂ ದೂರದಲ್ಲೇ ಇರಿ, ಆದರೆ ಮನಸ್ಸಿನಿಂದ ಪೂರ್ತಿ ತೆಗೆದುಹಾಕಬೇಡಿ. ಇದು ನನ್ನ ಅಭಿಪ್ರಾಯ.

ಪೊನ್ನಂಪೇಟೆಯಿಂದ

ನಾನು ಕ್ರೈಸ್ತಳಲ್ಲ, ಕಾವೇರಮ್ಮನನ್ನು ನಂಬಿದವಳು. ನಿಮ್ಮ ದೇವರ ಬಗ್ಗೆ ನಾನು ಹೇಳುವುದು ಸರಿಯಲ್ಲ. ಆದರೆ ಹಾಡುತ್ತಿದ್ದೆ ಎಂದು ಬರೆದಿದ್ದೀರಲ್ಲ, ಮನೆಯಲ್ಲೇ ಹಾಡಿ. ಪಾತ್ರೆ ತೊಳೆಯುವಾಗ ಹಾಡಿ. ಮಗಳಿಗೆ ಕಲಿಸಿ. ಮತ್ತೆ ಗಂಡನ ಸಂಘದ ಸಾಲಕ್ಕೆ ನಿಮ್ಮ ಸಹಿ ಎಲ್ಲೆಲ್ಲಿ ಇದೆ ನೋಡಿಕೊಳ್ಳಿ. ಹೊಸದಾಗಿ ಒಂದಕ್ಕೂ ಹಾಕಬೇಡಿ.

ಸಿದ್ದಾಪುರದಿಂದ, ನಿವೃತ್ತ ಧರ್ಮೋಪದೇಶಿ

ತಂಗೀ, ಮೊದಲು ಪರಮಪ್ರಸಾದದ ವಿಷಯ. ನಿಮಗೆ ಹೇಳಿದ್ದು ತಪ್ಪು. ಗಂಡನಿಂದ ಬೇರೆ ಇದ್ದೇನೆ ಎಂಬ ಒಂದೇ ಕಾರಣಕ್ಕೆ ಯಾರೂ ನಿಮ್ಮನ್ನು ತಡೆಯುವ ಹಾಗಿಲ್ಲ. ಕಥೋಲಿಕ ಧರ್ಮಸಭೆಯ ಕಾನೂನು ಪುಸ್ತಕದಲ್ಲಿ 1153ನೇ ವಿಧಿ ಇದೆ. ಗಂಡನಿಂದಲೋ ಹೆಂಡತಿಯಿಂದಲೋ ಇನ್ನೊಬ್ಬರ ದೇಹಕ್ಕೆ, ಮನಸ್ಸಿಗೆ ಅಥವಾ ಮಕ್ಕಳಿಗೆ ದೊಡ್ಡ ಅಪಾಯ ಇದ್ದರೆ ಬೇರೆ ಇರಲು ಅದು ನ್ಯಾಯವಾದ ಕಾರಣ. ತಡ ಮಾಡಿದರೆ ಅಪಾಯ ಅನ್ನುವಾಗ ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಮರುಮದುವೆಯ ಮಾತು ಬೇರೆ. ಅಂಥ ಯೋಚನೆ ಯಾವತ್ತಾದರೂ ಬಂದರೆ ನಮ್ಮ ಮೈಸೂರು ಧರ್ಮಪ್ರಾಂತದ ನ್ಯಾಯಮಂಡಳಿಯನ್ನು ಕೇಳಬೇಕು. ಮದುವೆ ಅಸಿಂಧುವೇ ಎಂದು ತೀರ್ಮಾನಿಸುವ ಕ್ರಮವನ್ನು ಪೋಪ್ ಫ್ರಾನ್ಸಿಸ್ 2015ರಲ್ಲಿ ಸರಳ ಮಾಡಿದ್ದಾರೆ.

ಎರಡನೆಯದು ‘ಕ್ಷಮಿಸಿ ವಾಪಸ್ ಹೋಗು’ ಅನ್ನುವ ಮಾತು. ಇವು ಎರಡು ಬೇರೆ ಬೇರೆ ಕೆಲಸ. ಯೋಸೇಫ ತನ್ನನ್ನು ಮಾರಿದ ಅಣ್ಣಂದಿರನ್ನು ಕ್ಷಮಿಸಿದ, ಅಪ್ಪಿಕೊಂಡು ಅತ್ತ. ಆದರೆ ಅದಕ್ಕೆ ಮೊದಲು ಅವರು ಬದಲಾಗಿದ್ದಾರಾ ಎಂದು ಚೆನ್ನಾಗಿ ಪರೀಕ್ಷೆ ಮಾಡಿದ. ಧಾನ್ಯದ ಚೀಲದಲ್ಲಿ ಬೆಳ್ಳಿ ಬಟ್ಟಲು ಇಡಿಸಿದ ಕಥೆ ನಿಮಗೆ ಗೊತ್ತಲ್ಲ. ಅವನನ್ನು ಕಲ್ಲು ಮನಸ್ಸಿನವನು ಅಂತ ಯಾರೂ ಅನ್ನುವುದಿಲ್ಲ.

ಮೂರನೆಯದು ನನಗೆ ಬಹಳ ದಿನಗಳಿಂದ ಇರುವ ಕೋಪ. ನೊಂದು ಬಂದವರ ಕೈಗೆಲ್ಲ ನಾವು 51ನೇ ಕೀರ್ತನೆ ಕೊಡುತ್ತೇವೆ. ಅದು ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಕೊಲ್ಲಿಸಿದ ದಾವೀದ ತನ್ನ ಪಾಪಕ್ಕೆ ಅತ್ತದ್ದು. ಪೆಟ್ಟು ಕೊಟ್ಟವನು ಓದಬೇಕಾದ್ದನ್ನು ಪೆಟ್ಟು ತಿಂದವಳ ಕೈಯಲ್ಲಿ ಓದಿಸುವುದು ಯಾವ ನ್ಯಾಯ? ನಿಮಗೆ 34ನೇ ಕೀರ್ತನೆ. ಮನಸ್ಸು ಮುರಿದವರ ಹತ್ತಿರವೇ ದೇವರು ಇರುತ್ತಾನೆ ಎಂದು ಅದರಲ್ಲಿದೆ. ಅವರು ಮೊದಲು ಸರಿಹೋಗಿ ಬರಲಿ ಎಂದಿಲ್ಲ. ಪಾಪನಿವೇದನೆಗೆ ಖಂಡಿತ ಹೋಗಿ, ಅದರಲ್ಲಿ ದೊಡ್ಡ ಸಮಾಧಾನ ಇದೆ. ಆದರೆ ನಿಮ್ಮದನ್ನು ಮಾತ್ರ ಹೇಳಿ. ಗಂಡನ ಪಾಪವನ್ನು ನಿಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬೇಡಿ.

ಪರಮಪ್ರಸಾದದ ವಿಷಯದಲ್ಲಿ ಇನ್ನೂ ಅನುಮಾನ ಇದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ನೇರವಾಗಿ ಕೇಳಿ. ಬೇರೆ ಯಾರಾದರೂ ಮತ್ತೆ ತಡೆದರೆ, ಬರವಣಿಗೆಯಲ್ಲಿ ಕೊಡಿ ಅನ್ನಿ. ಯಾರೂ ಕೊಡುವುದಿಲ್ಲ.