ಮಾವನ ಗಂಡು ಸಂತತಿಯ ಮೂಲ: ಟೋಲ್ನಾದ ವಲಸಿಗ ಮನೆತನಕ್ಕೆ ಯಾವ ಡಿಎನ್‌ಎ ಪರೀಕ್ಷೆ ಸರಿ?

ಟೋಲ್ನಾ ಸೊಸೆ:

ಎಲ್ಲರಿಗೂ ನಮಸ್ಕಾರ. ನಾನು ಹಂಗೇರಿಯ ಟೋಲ್ನಾ ಜಿಲ್ಲೆಗೆ ಸೊಸೆಯಾಗಿ ಬಂದವಳು. ನಮ್ಮದು ಬೊನ್ಯಹಾದ್ ಪಟ್ಟಣದ ಹತ್ತಿರದ ಹಳ್ಳಿ. ಇಲ್ಲಿ ಬಹಳಷ್ಟು ಮನೆಗಳ ಹಿನ್ನೆಲೆ ಒಂದೇ ಥರ. ತುರ್ಕರು ಬಿಟ್ಟುಹೋದ ಮೇಲೆ ಊರುಗಳು ಬರಿದಾಗಿದ್ದವು. ಜಮೀನು ಮಾಡಲು ಜನ ಬೇಕಾಗಿತ್ತು. ಆಗ ಜರ್ಮನಿಯ ಹೆಸ್ಸೆ, ಫುಲ್ಡಾ, ಸ್ವಾಬಿಯಾ ಕಡೆಯಿಂದ ರೈತರು ಡ್ಯಾನ್ಯೂಬ್ ನದಿಯಲ್ಲಿ ದೋಣಿ ಹಿಡಿದು ಬಂದು ನೆಲೆಸಿದರು. ಇಲ್ಲಿನವರು ಅವರನ್ನೆಲ್ಲ ಒಟ್ಟಾಗಿ ‘ಸ್ವಾಬ್’ ಅಂತಲೇ ಕರೆಯುತ್ತಾರೆ.

ನಮ್ಮ ಮನೆಯಲ್ಲಿ ಒಂದು ಹಳೇ ವಾದ ಇದೆ. ಮಾವನ ಪ್ರಕಾರ ನಮ್ಮದು ಫುಲ್ಡಾದಿಂದ ಬಂದ ವಂಶ. ಚಿಕ್ಕಮಾವ ಒಪ್ಪುವುದಿಲ್ಲ. ‘ನಾವು ಮೂಲದಲ್ಲಿ ಹಂಗೇರಿಯನ್ನರೇ, ಜರ್ಮನ್ ಹೆಸರು ಮಲತಂದೆಯಿಂದ ಬಂದದ್ದು’ ಅನ್ನುತ್ತಾರೆ. ಹಬ್ಬಕ್ಕೆ ಎಲ್ಲರೂ ಸೇರಿದಾಗಲೆಲ್ಲ ಇದು ಮೇಲೆ ಬರುತ್ತದೆ.

ಚಿಕ್ಕಮಾವನ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಚರ್ಚ್ ಪುಸ್ತಕದಲ್ಲಿ 1760ರ ದಶಕದ ಒಂದು ಮದುವೆ ಇದೆ. ವಧುವಿನ ಹೆಸರಿನ ಮುಂದೆ ಲ್ಯಾಟಿನ್‌ನಲ್ಲಿ ‘ವಿಧವೆ’ ಎಂದು ಬರೆದಿದ್ದಾರೆ. ತೀರಿಹೋದ ಮೊದಲ ಗಂಡನ ಹೆಸರು ಅಪ್ಪಟ ಹಂಗೇರಿಯನ್. ಎರಡನೆಯವನ ಹೆಸರು ಜರ್ಮನ್, ಅವನ ಹೆಸರಿನ ಮುಂದೆ ‘ಎಕ್ಸ್ ಇಂಪೇರಿಯೋ’, ಅಂದರೆ ಜರ್ಮನ್ ಸಾಮ್ರಾಜ್ಯದಿಂದ ಬಂದವನು ಎಂದಿದೆ. ನಮ್ಮ ವಂಶ ಶುರುವಾಗುವುದು ಆ ಮನೆಯ ಒಬ್ಬ ಹುಡುಗನಿಂದ. ಅವನು ಯಾರ ಮಗ? ಸರಿಯಾಗಿ ಅದೇ ವರ್ಷಗಳ ದೀಕ್ಷಾಸ್ನಾನದ ಪುಸ್ತಕ ಕಳೆದುಹೋಗಿದೆ. ಮುಂದೆ ಅವನ ಮದುವೆಯ ದಾಖಲೆಯಲ್ಲಿ ಎರಡನೇ ಗಂಡನ ಮನೆತನದ ಹೆಸರೇ ಇದೆ. ಅಪ್ಪ ಯಾರೆಂದು ಬರೆದಿಲ್ಲ.

ಈಗಿನ ನಮ್ಮ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಮಾವನ ಅಪ್ಪ ರೈಲ್ವೆ ನೌಕರರಾಗಿದ್ದರು. 1930ರ ದಶಕದಲ್ಲಿ ಸರ್ಕಾರಿ ನೌಕರರ ಮೇಲೆ ಒತ್ತಡ ಇತ್ತಲ್ಲ, ಆಗ ಹೆಸರನ್ನು ಹಂಗೇರಿಯನ್ ಮಾಡಿಸಿಕೊಂಡರು. ಅವರ ಜನನ ದಾಖಲೆಯ ಅಂಚಿನಲ್ಲಿ ಬೇರೆ ಶಾಯಿಯಲ್ಲಿ, ಚಿಕ್ಕ ಅಕ್ಷರದಲ್ಲಿ ಆ ಬದಲಾವಣೆಯ ಟಿಪ್ಪಣಿ ಇದೆ.

ಮಾವನಿಗೆ ಈಗ 82. ಗೊತ್ತಾಗಲಿ ಅಂತ ಅವರಿಗೂ ತುಂಬ ಆಸೆ ಇದೆ. ಯಾವ ಪರೀಕ್ಷೆ ಮಾಡಿಸಬೇಕು? ಯಾರು ಮಾಡಿಸಬೇಕು? ಇಷ್ಟು ಹಿಂದಿನ ವಿಷಯ ಇದರಿಂದ ತೀರ್ಮಾನ ಆಗುತ್ತಾ?

ಬೇರು ಹುಡುಕಾಟ:

ಎಂಜಲು ಕೊಟ್ಟು ಮಾಡಿಸುವ ಸಾಮಾನ್ಯ ಪರೀಕ್ಷೆ ಇದೆಯಲ್ಲ, ನಿಮ್ಮ ಯಜಮಾನರಿಗೆ ಅದನ್ನೇ ಮಾಡಿಸಿ. ಜರ್ಮನ್ ಎಷ್ಟು ಶೇಕಡಾ, ಪೂರ್ವ ಯುರೋಪ್ ಎಷ್ಟು ಶೇಕಡಾ ಅಂತ ನಕ್ಷೆ ಸಮೇತ ಬರುತ್ತದೆ. ಜರ್ಮನ್ ಜಾಸ್ತಿ ಬಂದರೆ ಮಾವ ಹೇಳಿದ್ದೇ ಸರಿ.

ನೆಕರ್ ದಂಡೆ:

ದಯವಿಟ್ಟು ಆ ಶೇಕಡಾ ಲೆಕ್ಕ ನೋಡಿ ತೀರ್ಮಾನ ಮಾಡಬೇಡಿ. ನಿಮ್ಮ ಪ್ರಶ್ನೆಗೆ ಅದು ಉತ್ತರ ಕೊಡುವುದೇ ಇಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ವಿಷಯ ನನಗೆ ತುಂಬ ಹತ್ತಿರದ್ದು. ನಮ್ಮ ಯಜಮಾನರ ಮನೆಯವರು ನಿಮ್ಮ ಪಕ್ಕದ ಬರಾನ್ಯಾ ಜಿಲ್ಲೆಯವರು, ಯುದ್ಧದ ನಂತರ ಹೊರಹಾಕಲ್ಪಟ್ಟು ಜರ್ಮನಿಗೆ ಬಂದವರು.

ಸಾಮಾನ್ಯ ಪರೀಕ್ಷೆ ನೋಡುವುದು ಎಲ್ಲ ಪೂರ್ವಜರಿಂದ ಬೆರೆತು ಬಂದ ಡಿಎನ್‌ಎಯನ್ನು. ಒಬ್ಬ ಪೂರ್ವಜನ ಪಾಲು ಪ್ರತಿ ತಲೆಮಾರಿಗೂ ಸುಮಾರು ಅರ್ಧ ಆಗುತ್ತಾ ಹೋಗುತ್ತದೆ. ಆ ಹುಡುಗನಿಂದ ನಿಮ್ಮ ಮಾವನ ತನಕ ಆರೇಳು ತಲೆಮಾರು ಇರಬಹುದು. ಅವನ ಪಾಲು ಶೇಕಡಾ ಒಂದೆರಡರ ಆಸುಪಾಸಿಗೆ ಇಳಿದಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆ ಹಳ್ಳಿಗಳಲ್ಲಿ ಸ್ವಾಬ್‌ಗಳು ತಮ್ಮತಮ್ಮೊಳಗೇ ಮದುವೆಯಾಗುತ್ತಿದ್ದರು. ಮಾವನ ತಾಯಿ, ಅಜ್ಜಿ, ಮುತ್ತಜ್ಜಿ ಎಲ್ಲರೂ ಹೆಚ್ಚುಕಡಿಮೆ ಜರ್ಮನ್ ಮನೆತನದವರೇ ಆಗಿರುತ್ತಾರೆ. ಹುಡುಗನ ಅಪ್ಪ ಹಂಗೇರಿಯನ್ ಆಗಿದ್ದರೂ ಪರೀಕ್ಷೆಯಲ್ಲಿ ಜರ್ಮನ್ನೇ ಜಾಸ್ತಿ ಬರುತ್ತದೆ. ಆಗ ಮಾವ ಖುಷಿಪಡುತ್ತಾರೆ, ಆದರೆ ಪ್ರಶ್ನೆ ಇದ್ದಲ್ಲೇ ಇರುತ್ತದೆ.

ನಿಮಗೆ ಬೇಕಾಗಿರುವುದು ವೈ ಕ್ರೋಮೋಸೋಮ್ ಪರೀಕ್ಷೆ. ಅದು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ, ಬಹುಪಾಲು ಬದಲಾಗದೆ. ನಡುವಿನ ಅಜ್ಜಿಯರು ಯಾವ ಮನೆತನದವರಾದರೂ ಅದಕ್ಕೆ ಸಂಬಂಧ ಇಲ್ಲ. ಮಾವನಲ್ಲಿ ಇರುವುದು ಆ ಹುಡುಗನ ವೈ, ಅವನಲ್ಲಿ ಇದ್ದದ್ದು ಅವನ ಹೆತ್ತ ಅಪ್ಪನ ವೈ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮಾವನೊಬ್ಬರ ಫಲಿತಾಂಶದಿಂದ ‘ಜರ್ಮನ್’ ಅಥವಾ ‘ಹಂಗೇರಿಯನ್’ ಅಂತ ಯಾರೂ ಹೇಳಲು ಸಾಧ್ಯವಿಲ್ಲ. ಫಲಿತಾಂಶದಲ್ಲಿ ಬರುವುದು ಆರ್1ಬಿ, ಆರ್1ಎ, ಐ2 ಅನ್ನುವಂಥ ಗುಂಪಿನ ಹೆಸರು. ಅವು ಸಾವಿರಾರು ವರ್ಷ ಹಳೆಯ ಕವಲುಗಳು, ದೇಶದ ಗಡಿಗೆ ಸಂಬಂಧಪಟ್ಟವಲ್ಲ. ಆರ್1ಬಿ ಜರ್ಮನ್ನರಲ್ಲಿ ಹೆಚ್ಚು, ಸರಿ. ಹಂಗೇರಿಯನ್ನರಲ್ಲೂ ಬೇಕಾದಷ್ಟಿದೆ. ಆರ್1ಎ ಜರ್ಮನಿಯ ಪೂರ್ವ ಭಾಗದಲ್ಲೂ ಸಿಗುತ್ತದೆ. ‘ಹಂಗೇರಿಯನ್’ ಅಂತಲೇ ಒಂದು ವೈ ಇಲ್ಲ. ಹಂಗೇರಿಯನ್ನು ಆಳಿದ ಆರ್ಪಾದ್ ರಾಜವಂಶದ ದೊರೆ ಮೂರನೇ ಬೇಲಾನ ಮೂಳೆ ಪರೀಕ್ಷಿಸಿದಾಗ ಬಂದದ್ದು ಆರ್1ಎಯ ಒಂದು ಕವಲು, ಅದರ ಮೂಲ ದೂರದ ಪೂರ್ವಕ್ಕೆ ಹೋಗುತ್ತದೆ. ಹಂಗೇರಿಯ ಇನ್ನೊಬ್ಬ ಮಹಾವೀರ ಹುನ್ಯಾದಿಯ ವಂಶದವರದ್ದು ಬಾಲ್ಕನ್ ಕಡೆ ಹೆಚ್ಚಾಗಿ ಕಾಣುವ ಇ ಗುಂಪು. ಅದು 2022ರಲ್ಲಿ ಪ್ರಕಟವಾಯಿತು, ಕ್ರೊವೇಷಿಯಾದ ಲೆಪೊಗ್ಲಾವಾದಲ್ಲಿದ್ದ ಅವಶೇಷಗಳಿಂದ. ಇಬ್ಬರಲ್ಲಿ ಯಾರು ಹೆಚ್ಚು ಹಂಗೇರಿಯನ್ ಅಂತ ಗುಂಪಿನ ಹೆಸರು ನೋಡಿ ಹೇಳಲು ಆಗುತ್ತಾ?

ಹಾಗಾಗಿ ಹೋಲಿಸಿ ನೋಡಬೇಕು. ಎರಡನೇ ಗಂಡನಿಗೆ ಬೇರೆ ಗಂಡುಮಕ್ಕಳು ಇದ್ದರಾ? ಅವರ ದೀಕ್ಷಾಸ್ನಾನದ ದಾಖಲೆ ಸಿಗುತ್ತದಾ? ಸಿಕ್ಕರೆ ಅವರ ಗಂಡು ಸಂತತಿಯಲ್ಲಿ ಈಗ ಬದುಕಿರುವ ಒಬ್ಬರನ್ನು ಹುಡುಕಿ. ಅವರ ವೈ ಮತ್ತು ಮಾವನ ವೈ ಹೊಂದಿದರೆ ಹುಡುಗ ಎರಡನೇ ಗಂಡನ ಮಗ. ಹೊಂದದಿದ್ದರೆ ಮೊದಲ ಗಂಡನ ಅಣ್ಣತಮ್ಮಂದಿರ ಸಂತತಿಯನ್ನು ಹುಡುಕಬೇಕು.

ಅಂಥವರು ನಿಮ್ಮ ಊರಿನಲ್ಲೇ ಸಿಗಬೇಕೆಂದಿಲ್ಲ. ಹಂಗೇರಿಯ ಜರ್ಮನ್ನರನ್ನು ಹೊರಹಾಕುವುದು ಶುರುವಾದದ್ದು 1946ರ ಜನವರಿಯಲ್ಲಿ, ಬುಡಾಪೆಸ್ಟ್ ಪಕ್ಕದ ಬುದಾಒರ್ಶ್‌ನಿಂದ. 1948ರ ತನಕ ನಡೆಯಿತು. ಮೊದಮೊದಲು ಕಳಿಸಿದ್ದು ಜರ್ಮನಿಯಲ್ಲಿ ಅಮೆರಿಕದ ಹಿಡಿತದಲ್ಲಿದ್ದ ವಲಯಕ್ಕೆ, ಆಮೇಲೆ ಸೋವಿಯತ್ ಹಿಡಿತದ ವಲಯಕ್ಕೆ. ಅದಕ್ಕೇ ಒಂದೇ ಹಳ್ಳಿಯ ಅಣ್ಣತಮ್ಮಂದಿರ ಮಕ್ಕಳು ಒಬ್ಬರು ಬಾಡೆನ್-ವುರ್ಟೆಂಬರ್ಗ್‌ನಲ್ಲಿ, ಇನ್ನೊಬ್ಬರು ಸಾಕ್ಸನಿಯಲ್ಲಿ ಇದ್ದಾರೆ. 1941ರ ಜನಗಣತಿಯಲ್ಲಿ ಜರ್ಮನ್ ಎಂದು ಬರೆಸಿದವರು, ಹಂಗೇರಿಯನ್ ಮಾಡಿಕೊಂಡ ಹೆಸರನ್ನು ವಾಪಸ್ ಜರ್ಮನ್‌ಗೆ ಬದಲಿಸಿಕೊಂಡವರು ಹೊರಹಾಕಬೇಕಾದವರ ಪಟ್ಟಿಯಲ್ಲಿದ್ದರು. ನಿಮಗೆ ಬೇಕಾದ ಹಳೇ ಮನೆತನದ ಹೆಸರು ಇಲ್ಲಿ, ಜರ್ಮನಿಯ ಟೆಲಿಫೋನ್ ಪುಸ್ತಕದಲ್ಲಿ ಸಿಗುವ ಸಂಭವ ಜಾಸ್ತಿ.

ಊರಿನ ಕುಟುಂಬ ಪುಸ್ತಕ ಇದೆಯಾ ನೋಡಿ. ಚರ್ಚ್ ದಾಖಲೆಗಳನ್ನು ಮನೆ ಮನೆಯಾಗಿ ಜೋಡಿಸಿ ಸ್ವಾಬ್ ಹಳ್ಳಿಗಳ ಬಗ್ಗೆ ಇಂಥ ಪುಸ್ತಕ ಬಹಳ ಮಾಡಿದ್ದಾರೆ. ಸಿಂಡೆಲ್‌ಫಿಂಗೆನ್‌ನಲ್ಲಿ ಡ್ಯಾನ್ಯೂಬ್ ಸ್ವಾಬ್‌ಗಳ ಭವನ ಇದೆ, ಅಲ್ಲಿ ವಂಶಾವಳಿ ಹುಡುಕುವವರದ್ದೇ ಒಂದು ಬಳಗ ಇದೆ.

ಇನ್ನೊಂದು ಮಾತು. ಮಲತಂದೆಯ ಹೆಸರು ಅಂದಾಗ ನಿಮ್ಮ ಮಾವ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಮೊದಲು ಬಂದವರು ಜ್ವರ, ಪ್ಲೇಗ್‌ಗೆ ಸಿಕ್ಕಿ ಗುಂಪುಗುಂಪಾಗಿ ಸತ್ತರು. 1738ರಲ್ಲಿ ಶುರುವಾದ ಪ್ಲೇಗ್ ಎಷ್ಟೋ ಊರುಗಳನ್ನು ತೊಳೆದುಹಾಕಿತು. ಹೊಲ ಇದ್ದು ಚಿಕ್ಕ ಮಕ್ಕಳಿರುವ ವಿಧವೆ ಕೆಲವೇ ತಿಂಗಳಲ್ಲಿ ಮತ್ತೆ ಮದುವೆಯಾಗುತ್ತಿದ್ದಳು. ಇಲ್ಲದಿದ್ದರೆ ಬದುಕುವುದು ಹೇಗೆ? ‘ಮೊದಲಿನವರಿಗೆ ಸಾವು, ಎರಡನೆಯವರಿಗೆ ಬಡತನ, ಮೂರನೆಯವರಿಗೆ ರೊಟ್ಟಿ’ ಅನ್ನುವ ಮಾತು ಸ್ವಾಬ್ ಮನೆಗಳಲ್ಲಿ ಇವತ್ತಿಗೂ ಇದೆ. ಆ ಮಗುವನ್ನು ಸಾಕಿ, ಹೆಸರು ಕೊಟ್ಟವನೂ ಅಪ್ಪನೇ.

ಟೋಲ್ನಾ ಸೊಸೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ಕೊನೆಯ ಮಾತನ್ನು ಮಾವನಿಗೆ ಓದಿ ಹೇಳಿದೆ. ‘ಅದನ್ನು ತಮ್ಮನಿಗೂ ಹೇಳು’ ಅಂದರು.

ಎರಡನೇ ಗಂಡನಿಗೆ ಆಮೇಲೆ ಹುಟ್ಟಿದ ಇನ್ನೊಬ್ಬ ಮಗ ಇದ್ದಾನೆ. ಅವನ ದೀಕ್ಷಾಸ್ನಾನದ ದಾಖಲೆ ಸಿಕ್ಕಿದೆ, ಅಪ್ಪನ ಹೆಸರು ಸ್ಪಷ್ಟವಾಗಿದೆ. ಆ ಕವಲಿನವರು 1947ರಲ್ಲಿ ಹೋದರಂತೆ, ಸಾಕ್ಸನಿ ಕಡೆಗೆ. ಮಾವನ ಜೊತೆ ಚಿಕ್ಕಮಾವನೂ ಪರೀಕ್ಷೆ ಮಾಡಿಸಬೇಕಾ? ಎಷ್ಟು ಮಾರ್ಕರ್ ತೆಗೆದುಕೊಳ್ಳಬೇಕು? 37, 111, ಬಿಗ್ ವೈ ಅಂತೆಲ್ಲ ಇದೆ. ತಲೆ ತಿರುಗುತ್ತಿದೆ.

ಲ್ಯಾಬ್ ಮೇಜು:

ಚಿಕ್ಕಮಾವನ ಪರೀಕ್ಷೆ ಬೇಡ. ಅಣ್ಣತಮ್ಮಂದಿರ ವೈ ಒಂದೇ. ಆ ದುಡ್ಡನ್ನು ಸಾಕ್ಸನಿಯವರ ಪರೀಕ್ಷೆಗೆ ಇಟ್ಟುಕೊಳ್ಳಿ, ಬೇರೆಯವರ ಮನೆಯ ವಾದಕ್ಕೆ ಅವರು ಯಾಕೆ ಖರ್ಚು ಮಾಡಬೇಕು, ಅಲ್ವಾ?

37 ಮಾರ್ಕರ್‌ನಿಂದ ಶುರು ಮಾಡಿ. ಮಾರ್ಕರ್ ಅಂದರೆ ವೈ ಮೇಲೆ ಚಿಕ್ಕದೊಂದು ತುಣುಕು ಮತ್ತೆ ಮತ್ತೆ ಬರುವ ಜಾಗ. ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಾರೆ. ಒಬ್ಬರಲ್ಲಿ 14 ಇದ್ದರೆ ಇನ್ನೊಬ್ಬರಲ್ಲಿ 14 ಅಥವಾ 15 ಇರಬಹುದು. ನಿಮ್ಮ ಮಾವನಿಂದ ಮೇಲೆ ಆ ಎರಡನೇ ಗಂಡನ ತನಕ, ಅಲ್ಲಿಂದ ಕೆಳಗೆ ಸಾಕ್ಸನಿಯವರ ತನಕ ಎಣಿಸಿದರೆ ಸುಮಾರು 14 ಸಲ ವೈ ಕೈ ಬದಲಾಯಿಸಿದೆ. ಅಷ್ಟರಲ್ಲಿ 37ರಲ್ಲಿ ಒಂದೆರಡು ಕಡೆ, ಹೆಚ್ಚೆಂದರೆ ಮೂರ್ನಾಲ್ಕು ಕಡೆ ವ್ಯತ್ಯಾಸ ಬರುವುದು ಸಹಜ. ಅದಕ್ಕೆ ಗಾಬರಿ ಬೇಡ. ಹುಡುಗ ಮೊದಲ ಗಂಡನ ಮಗನಾಗಿದ್ದರೆ ವ್ಯತ್ಯಾಸ ಸಾಮಾನ್ಯವಾಗಿ ಹತ್ತು, ಇಪ್ಪತ್ತು ದಾಟುತ್ತದೆ, ಎಷ್ಟೋ ಸಲ ಗುಂಪೇ ಬೇರೆ ಇರುತ್ತದೆ.

ಹಳೆಯ 12 ಮಾರ್ಕರ್ ಫಲಿತಾಂಶ ಹಿಡಿದುಕೊಂಡು ಯಾರಾದರೂ ‘ನಾವು ನೆಂಟರು’ ಅಂತ ಬಂದರೆ ನಂಬಬೇಡಿ. ಆರ್1ಬಿ ಇದ್ದವರಿಗೆ 12ರಲ್ಲಿ ಸಾವಿರಾರು ಜನ ಹೊಂದುತ್ತಾರೆ.

ಬಿಗ್ ವೈ ಬೇರೆ ಥರದ್ದು. ಅದು ಒಮ್ಮೆ ಬದಲಾದರೆ ಹಾಗೇ ಉಳಿಯುವ ಗುರುತುಗಳನ್ನು ಹುಡುಕುತ್ತದೆ. ಸರಾಸರಿ ಎರಡು ಮೂರು ತಲೆಮಾರಿಗೆ ಒಂದು ಹೊಸ ಗುರುತು ಸಿಗುತ್ತದೆ. ಫುಲ್ಡಾದ ಯಾವ ಮನೆತನ ಅಂತ ಹುಡುಕುವ ಹಂತಕ್ಕೆ ಹೋದಾಗ ಅದು ಉಪಯೋಗಕ್ಕೆ ಬರುತ್ತದೆ. ಈಗಲೇ ಅವಸರ ಇಲ್ಲ. ಈ ಪರೀಕ್ಷೆ ಮಾಡುವ ಫ್ಯಾಮಿಲಿಟ್ರೀಡಿಎನ್‌ಎ ಕಂಪನಿಯಲ್ಲಿ ಮಾವನ ಮಾದರಿ ಇಟ್ಟಿರುತ್ತಾರೆ, ಅದರಿಂದಲೇ ಮುಂದೆ ದೊಡ್ಡ ಪರೀಕ್ಷೆ ಮಾಡಿಸಬಹುದು. ಮಾವನಿಗೆ 82 ಅಂದಿರಿ, ಹಾಗಾಗಿ ಮಾದರಿಯನ್ನು ಮಾತ್ರ ತಡಮಾಡದೆ ಕಳಿಸಿ.

ಮಾದರಿ ಅಂದರೆ ಕೆನ್ನೆಯ ಒಳಗೋಡೆಯನ್ನು ಕುಂಚದಂಥ ಕಡ್ಡಿಯಿಂದ ಉಜ್ಜುವುದು, ಅಷ್ಟೇ. ಅದಕ್ಕೂ ಮುಂಚೆ ಒಂದು ಗಂಟೆ ಏನೂ ತಿನ್ನದೆ, ಕುಡಿಯದೆ ಇರಲಿ. ಹಲ್ಲಿನ ಸೆಟ್ ಇದ್ದರೆ ತೆಗೆದಿಟ್ಟು, ಒಂದೊಂದು ಕೆನ್ನೆಗೂ ಒಂದು ನಿಮಿಷ ಗಟ್ಟಿಯಾಗಿ ಉಜ್ಜಿ. ವಯಸ್ಸಾದವರ ಮಾದರಿಯಲ್ಲಿ ಕೋಶ ಸಾಲದೆ ವಾಪಸ್ ಬರುವುದುಂಟು.

ನೆಕರ್ ದಂಡೆ:

ಸಾಕ್ಸನಿಯವರಿಗೆ ಬರೆಯುವ ಮುಂಚೆ ಇದನ್ನೂ ಯೋಚಿಸಿ. ಎರಡು ಕವಲು ಹೊಂದಲಿಲ್ಲ ಅಂದ ಮಾತ್ರಕ್ಕೆ ಮೊದಲ ಗಂಡನೇ ಅಪ್ಪ ಅಂತಲ್ಲ. ಪಶ್ಚಿಮ ಯುರೋಪಿನಲ್ಲಿ ನಡೆದ ಅಧ್ಯಯನಗಳ ಪ್ರಕಾರ, ದಾಖಲೆಯ ಅಪ್ಪ ಬೇರೆ, ಹೆತ್ತ ಅಪ್ಪ ಬೇರೆ ಆಗುವುದು ತಲೆಮಾರಿಗೆ ಸುಮಾರು ಶೇಕಡಾ ಒಂದು. ಕಡಿಮೆಯೇ. ಆದರೆ 14 ಕೊಂಡಿಗಳಲ್ಲಿ ಎಲ್ಲೋ ಒಂದು ಕಡೆ ತಪ್ಪಿರುವ ಸಂಭವ ಶೇಕಡಾ ಹದಿಮೂರರಷ್ಟಾಗುತ್ತದೆ. ತಪ್ಪಿದ್ದು ಅವರ ಕವಲಿನಲ್ಲೂ ಇರಬಹುದು. ಅಜ್ಜನ ಕಾಲದ್ದೇ ಆಗಿರಬಹುದು. ಅದನ್ನು ಅವರಿಗೆ ಮೊದಲೇ ನೇರವಾಗಿ ಹೇಳಿ ಒಪ್ಪಿಗೆ ಪಡೆಯಿರಿ. ಯುರೋಪಿಯನ್ ಒಕ್ಕೂಟದ ನಿಯಮದಲ್ಲೂ ಜೀನ್ ಮಾಹಿತಿಗೆ ವಿಶೇಷ ರಕ್ಷಣೆ ಇದೆ. ನಿಯಮ ಇರಲಿ ಬಿಡಲಿ, ಮನೆಯಿಂದ ಹೊರದೂಡಿಸಿಕೊಂಡವರ ಮಕ್ಕಳಿಗೆ ಊರಿನಿಂದ ಬರುವ ಮೊದಲ ಕಾಗದ ಆಘಾತ ಕೊಡಬಾರದು ಅಂತ ನನಗನ್ನಿಸುತ್ತದೆ. ಮೊದಲು ಊರಿನ ಫೋಟೋ, ಚರ್ಚ್ ದಾಖಲೆಯ ಪ್ರತಿ ಕಳಿಸಿ. ಡಿಎನ್‌ಎ ಮಾತು ಎರಡನೇ ಕಾಗದದಲ್ಲಿ ಇರಲಿ.

ಅಷ್ಟರಲ್ಲಿ ಚಿಕ್ಕಮಾವನಿಗೂ ಒಂದು ಕೆಲಸ ಕೊಡಿ. ಮೊದಲ ಗಂಡನ ಹಂಗೇರಿಯನ್ ಮನೆತನ 1715 ಮತ್ತು 1720ರ ತೆರಿಗೆ ಗಣತಿಯಲ್ಲಿ ಇದೆಯಾ ಹುಡುಕಲಿ. ಇದ್ದರೆ ಅವರು ಬಹುಪಾಲು ಜರ್ಮನ್ನರು ಬರುವ ಮುಂಚಿನಿಂದಲೂ ಅಲ್ಲಿದ್ದವರು. 1767ರ ಜಮೀನು ಪಟ್ಟಿಯನ್ನೂ ನೋಡಲಿ, ಮನೆಯ ಯಜಮಾನ ಯಾರೆಂದು ಅದರಲ್ಲಿ ಸಿಗುತ್ತದೆ. ಸೆಕ್ಸಾರ್ಡ್‌ನ ಜಿಲ್ಲಾ ದಾಖಲೆ ಕಚೇರಿಯಲ್ಲೂ ಕೇಳಬಹುದು.

ಟೋಲ್ನಾ ಸೊಸೆ:

ಚಿಕ್ಕಮಾವ ಆಗಲೇ ಸೆಕ್ಸಾರ್ಡ್‌ಗೆ ಹೋಗಲು ಸಿದ್ಧರಾಗಿದ್ದಾರೆ. ಮಾವನ ಹೆಸರಿನಲ್ಲಿ 37 ಮಾರ್ಕರ್ ಕಿಟ್‌ಗೆ ಆರ್ಡರ್ ಹಾಕಿದೆ. ಸಾಕ್ಸನಿಯವರಿಗೆ ಜರ್ಮನ್‌ನಲ್ಲಿ ಕಾಗದ ಬರೆಯಬೇಕು. ನೆಕರ್ ದಂಡೆಯವರೇ, ಬರೆದ ಮೇಲೆ ಒಮ್ಮೆ ನೋಡಿಕೊಡುತ್ತೀರಾ?

ನೆಕರ್ ದಂಡೆ:

ಖಂಡಿತ ಕಳಿಸಿ. ಹಳೇ ಮನೆತನದ ಹೆಸರನ್ನು ದಾಖಲೆಯಲ್ಲಿ ಸಿಕ್ಕ ಎಲ್ಲ ರೂಪದಲ್ಲೂ ಬರೆಯಿರಿ. ಪಾದ್ರಿಗಳು ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದರು, ಸಾಕ್ಸನಿಯವರ ಹತ್ತಿರ ಬೇರೆ ಅಕ್ಷರದಲ್ಲಿ ಇರಬಹುದು.