ತಮ್ಮ ನಮ್ಮ ಮನೆಗೆ ಬಂದರೆ ಮಾಸಾಶನ ನಿಲ್ಲುತ್ತಾ?

ಹಿಂದಿನ ಸಂಚಿಕೆಯಲ್ಲಿ ಬೆಂಗಳೂರಿನ ಓದುಗರೊಬ್ಬರು ಬರೆದಿದ್ದ ಸಮಸ್ಯೆ ಇದು:

"ತಮ್ಮನಿಗೆ 36 ವರ್ಷ. ಹುಟ್ಟಿನಿಂದಲೇ ಬುದ್ಧಿಮಾಂದ್ಯ. ಸರ್ಟಿಫಿಕೇಟಿನಲ್ಲಿ ಶೇ 80 ಎಂದಿದೆ. ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದರು, ತೀರಿಕೊಂಡು ಬಹಳ ವರ್ಷವಾಯಿತು. ಅಮ್ಮನಿಗೆ ಬರುತ್ತಿದ್ದ ಪಿಂಚಣಿಯಲ್ಲಿ ಇಬ್ಬರ ಜೀವನ ನಡೆಯುತ್ತಿತ್ತು. ಕಳೆದ ವರ್ಷ ಅಮ್ಮನೂ ಹೋದರು, ಪಿಂಚಣಿಯೂ ನಿಂತಿತು. ಆಮೇಲೆ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಓಡಾಡಿ ತಮ್ಮನಿಗೆ ಅಂಗವಿಕಲ ಮಾಸಾಶನ ಮಾಡಿಸಿಕೊಟ್ಟರು. ಈಗ ಪಕ್ಕದ ಮನೆಯ ಚಿಕ್ಕಮ್ಮ ಊಟ ಹಾಕುತ್ತಿದ್ದಾರೆ. ಅವರಿಗೂ ವಯಸ್ಸಾಗಿದೆ. ತಮ್ಮನನ್ನು ನಮ್ಮ ಮನೆಗೆ ಕರೆತರೋಣ ಎಂದರೆ, ನಮ್ಮ ರೇಷನ್ ಕಾರ್ಡಿಗೆ ಸೇರಿಸಿದ ಕೂಡಲೇ ಮಾಸಾಶನ ನಿಲ್ಲುತ್ತೆ ಅನ್ನುತ್ತಾರೆ. ಯಜಮಾನರು ಯಾವುದಾದರೂ ವಸತಿ ಕೇಂದ್ರ ನೋಡೋಣ ಅನ್ನುತ್ತಾರೆ. ಏನು ಮಾಡಲಿ?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ನಾನು ಕಂದಾಯ ಇಲಾಖೆಯಲ್ಲಿ ಇದ್ದವನು. ನಿಮಗೆ ಯಾರೋ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ವಿಷಯ ಇರುವುದು ರೇಷನ್ ಕಾರ್ಡಿನಲ್ಲಲ್ಲ, ಆದಾಯ ಪ್ರಮಾಣಪತ್ರದಲ್ಲಿ. ನಮ್ಮ ರಾಜ್ಯದ ಈ ಮಾಸಾಶನಕ್ಕೆ ಕುಟುಂಬದ ವಾರ್ಷಿಕ ಆದಾಯ ₹32,000 ದಾಟಬಾರದು. ಊರಲ್ಲಿ ನಿಮ್ಮ ತಮ್ಮ ಒಬ್ಬನೇ, ಆದಾಯ ಸೊನ್ನೆ, ಅದಕ್ಕೇ ಮಂಜೂರಾಯಿತು. ನಿಮ್ಮ ಮನೆಗೆ ಬಂದ ಮೇಲೆ ಹೊಸ ಆದಾಯ ಪತ್ರ ಕೇಳಿದರೆ, ಅಧಿಕಾರಿ ಆ ಸೂರಿನಡಿ ಯಾರ್ಯಾರಿದ್ದಾರೆ, ಯಾರಿಗೆ ಎಷ್ಟು ಸಂಬಳ ಎಂದು ನೋಡುತ್ತಾರೆ. ಬೆಂಗಳೂರಲ್ಲಿ ಕೆಲಸದಲ್ಲಿರುವ ಯಾವ ಮನೆಯ ಆದಾಯ ವರ್ಷಕ್ಕೆ ₹32,000 ಒಳಗಿರುತ್ತೆ ಹೇಳಿ?

ಹಾಗಂತ ವಿಳಾಸ ಊರಲ್ಲೇ ಇರಲಿ, ಮನುಷ್ಯ ಮಾತ್ರ ಬೆಂಗಳೂರಿನಲ್ಲಿರಲಿ ಎಂಬ ಸಲಹೆಯೂ ನಿಮಗೆ ಬಂದಿರುತ್ತದೆ. ಅದನ್ನು ಮಾಡಬೇಡಿ. ಪರಿಶೀಲನೆಗೆ ಹೋದ ಗ್ರಾಮ ಆಡಳಿತ ಅಧಿಕಾರಿ 'ಈ ವಿಳಾಸದಲ್ಲಿ ವಾಸವಿಲ್ಲ' ಎಂದು ಒಂದು ಸಾಲು ಬರೆದರೆ ಮುಗಿಯಿತು. ನಿಂತ ಮಾಸಾಶನವನ್ನು ಮತ್ತೆ ಶುರು ಮಾಡಿಸುವುದು ಹೊಸದಾಗಿ ಮಾಡಿಸುವುದಕ್ಕಿಂತ ಕಷ್ಟ. ಸ್ಥಳ ಬದಲಾದರೆ ತಾಲ್ಲೂಕು ಕಚೇರಿಗೆ ಬರೆದು ತಿಳಿಸಿ, ಸ್ವೀಕೃತಿ ತಗೊಳ್ಳಿ. ರೇಷನ್‌ಗೆ ಅವಸರ ಬೇಡ. ಊರಿನ ಕಾರ್ಡಿನ ಮೇಲೆಯೇ ಬೇರೆ ಕಡೆಯ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗುತ್ತದೆ.

– ನಿವೃತ್ತ ಕಂದಾಯ ನೌಕರ, ಹಾಸನ

*

ಅಮ್ಮಾ, ನಿಮ್ಮ ಪತ್ರದ ಒಂದು ಸಾಲು ಓದಿ ನಾನು ಎದ್ದು ಕೂತೆ. 'ಅಮ್ಮನೂ ಹೋದರು, ಪಿಂಚಣಿಯೂ ನಿಂತಿತು.' ಅದು ಅಲ್ಲಿಗೆ ನಿಲ್ಲಬೇಕಾಗಿರಲಿಲ್ಲ!

ನಾನೂ ಅಂಚೆ ಇಲಾಖೆಯಲ್ಲೇ ದುಡಿದವನು. ಗ್ರಾಮೀಣ ಡಾಕ್ ಸೇವಕರಿಗೆ ಈ ಪಿಂಚಣಿ ಇಲ್ಲ. ನಿಮ್ಮ ತಾಯಿಗೆ ಬರುತ್ತಿತ್ತು ಎಂದರೆ ನಿಮ್ಮ ತಂದೆ ಕಾಯಂ ನೌಕರರೇ. ಕೇಂದ್ರ ಸರ್ಕಾರಿ ನೌಕರರ ಪಿಂಚಣಿ ನಿಯಮದಲ್ಲಿ, ದುಡಿದು ಬದುಕಲಾಗದಷ್ಟು ಅಂಗವೈಕಲ್ಯ ಇರುವ ಮಗ ಅಥವಾ ಮಗಳಿಗೆ ಕುಟುಂಬ ಪಿಂಚಣಿ ಜೀವನಪೂರ್ತಿ ಬರುತ್ತದೆ. ಉಳಿದ ಗಂಡುಮಕ್ಕಳಿಗಿರುವ 25 ವರ್ಷದ ಮಿತಿ ಅವರಿಗಿಲ್ಲ. ಕನಿಷ್ಠ ಮೊತ್ತವೇ ತಿಂಗಳಿಗೆ ₹9,000. ಅದರ ಮೇಲೆ ತುಟ್ಟಿಭತ್ಯೆ.

ನೀವು ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಈ ಪಿಂಚಣಿಗೆ ಅವನು ಊರಲ್ಲಿದ್ದಾನಾ, ಅಕ್ಕನ ಮನೆಯಲ್ಲಿದ್ದಾನಾ, ವಸತಿ ಕೇಂದ್ರದಲ್ಲಿದ್ದಾನಾ ಎಂಬುದು ಮುಖ್ಯವಲ್ಲ. ನಿಮ್ಮ ಯಜಮಾನರ ಸಂಬಳ ಎಷ್ಟು ಎಂದೂ ಯಾರೂ ಕೇಳಲ್ಲ. ನೋಡುವುದು ನಿಮ್ಮ ತಮ್ಮನ ಸ್ವಂತ ಆದಾಯ ಮಾತ್ರ. ಅದರ ಮಿತಿಯನ್ನೂ 2021ರಲ್ಲಿ ಸಡಿಲಿಸಿದ್ದಾರೆ.

ಮನೆಯ ಟ್ರಂಕು, ಬೀರು ಎಲ್ಲ ಹುಡುಕಿ ಅಪ್ಪನ ಪಿಪಿಒ ತೆಗೆಯಿರಿ. ಪಿಂಚಣಿ ಪಾವತಿ ಆದೇಶ ಅಂತ ಇರುತ್ತದೆ, ಹಳೆಯದಾದರೆ ಪುಸ್ತಕದ ರೂಪದಲ್ಲಿರುತ್ತದೆ. ಅದು ಸಿಗದಿದ್ದರೆ ಅಮ್ಮನ ಪಿಂಚಣಿ ಜಮಾ ಆಗುತ್ತಿದ್ದ ಪಾಸ್‌ಬುಕ್ ಹಿಡಿದು ಹೋಗಿ, ಅದರ ಜಾಡಿನಲ್ಲೇ ನಂಬರ್ ಹುಡುಕಿಸಬಹುದು. ಇಬ್ಬರ ಮರಣ ಪ್ರಮಾಣಪತ್ರ, ತಮ್ಮನ ಅಂಗವೈಕಲ್ಯ ಸರ್ಟಿಫಿಕೇಟು, ಆಧಾರ್, ಅವನ ಹೆಸರಿನ ಖಾತೆ ಜೋಡಿಸಿಕೊಂಡು ತಂದೆ ಕೊನೆಗೆ ಕೆಲಸ ಮಾಡಿದ ವಿಭಾಗದ ಅಂಚೆ ಅಧೀಕ್ಷಕರ ಕಚೇರಿಗೆ ಅರ್ಜಿ ಕೊಡಿ. ತಮ್ಮನ ಪರವಾಗಿ ಹಣ ಪಡೆಯಲು ಅಪ್ಪನೋ ಅಮ್ಮನೋ ಯಾರನ್ನೂ ಹೆಸರಿಸಿಲ್ಲವಾದರೆ ಪಾಲಕತ್ವದ ಪತ್ರ ಕೇಳುತ್ತಾರೆ. ಬುದ್ಧಿಮಾಂದ್ಯ, ಆಟಿಸಂ ಮುಂತಾದವು ಇರುವವರಿಗಾಗಿ ಮಾಡಿದ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿ ಕೊಡುವ ಪತ್ರ ನಡೆಯುತ್ತದೆ. ಕೌಂಟರಿನಲ್ಲಿ 'ಹಾಗೆಲ್ಲ ಇಲ್ಲ' ಅಂದರೆ ವಾಪಸ್ ಬರಬೇಡಿ. ಬರವಣಿಗೆಯಲ್ಲಿ ಕೊಡಿ ಅನ್ನಿ.

ಇನ್ನೊಂದು ಮಾತು. ಇದು ಶುರುವಾದ ದಿನ ರಾಜ್ಯದ ಮಾಸಾಶನ ನಿಲ್ಲಿಸಿ ಎಂದು ತಹಶೀಲ್ದಾರರಿಗೆ ನೀವೇ ಬರೆದುಕೊಡಿ. ಎರಡನ್ನೂ ತಗೊಳ್ಳುವ ಹಾಗಿಲ್ಲ.

– ಅಂಚೆ ಪಿಂಚಣಿದಾರ, ಶಿರಸಿ

*

ಅಕ್ಕಾವ್ರೆ, ನನಗೆ ಪೋಲಿಯೊ. ಎರಡೂ ಕಾಲಿಗೆ ಬಲ ಇಲ್ಲ. ಅಣ್ಣನಿಗೆ ಸರ್ಕಾರಿ ನೌಕರಿ ಸಿಕ್ಕ ವರ್ಷವೇ 'ನಿಮ್ಮ ಕುಟುಂಬದ ಆದಾಯ ಜಾಸ್ತಿಯಾಗಿದೆ' ಎಂದು ನನ್ನ ಮಾಸಾಶನ ನಿಲ್ಲಿಸಿದರು. ಅಣ್ಣ ಒಳ್ಳೆಯವನು, ಊಟಕ್ಕೆ ಕೊರತೆ ಮಾಡಿಲ್ಲ. ಆದರೆ ಕ್ಷೌರಕ್ಕೆ, ಮೊಬೈಲ್ ರೀಚಾರ್ಜಿಗೆ ಅವನ ಮುಂದೆ ಕೈಚಾಚಬೇಕು. ಅದೂ ಅತ್ತಿಗೆ ಎದುರಿಗೆ. ಅಣ್ಣನ ಸಂಬಳ ಅಣ್ಣನದು. ಅದು ನನ್ನ ಆದಾಯ ಹೇಗಾಗುತ್ತದೆ? ಅಣ್ಣನ ಮನೆ ಬಿಟ್ಟು ಒಬ್ಬನೇ ಬೇರೆ ಇದ್ದರೆ ನಾನು ಬಡವ, ಜೊತೆಗಿದ್ದರೆ ಶ್ರೀಮಂತ! ಅಂದರೆ ಕೂಡಿ ಬಾಳುವವರಿಗೆ ದಂಡ, ಅಷ್ಟೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಕಲಮು, ಇಂಥ ಕಡೆಯೇ ಇರಬೇಕು ಎಂದು ನಮ್ಮನ್ನು ಯಾರೂ ಒತ್ತಾಯಿಸುವಂತಿಲ್ಲ ಅನ್ನುತ್ತದೆ. ಕಾನೂನು ಹಾಗೆ ಹೇಳುತ್ತೆ, ಆದಾಯ ಮಿತಿ ಹೀಗೆ ಹೇಳುತ್ತೆ. ನಿಮ್ಮ ಪತ್ರದಲ್ಲಿ ಯಜಮಾನರ ಮಾತಿದೆ, ಚಿಕ್ಕಮ್ಮನ ವಿಷಯವಿದೆ. ತಮ್ಮನಿಗೆ ಎಲ್ಲಿರಲು ಇಷ್ಟ ಅಂತ ಮಾತ್ರ ಇಲ್ಲ. ಕೇಳಿದಿರಾ?

– ಓದುಗ, ಕಲಬುರಗಿ

*

ನಮ್ಮ ಮನೆಯಲ್ಲೂ ಇಂಥ ತಮ್ಮ ಇದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಊರಲ್ಲಿ ಅವನಿಗೆ ದಿನಚರಿ ಇತ್ತು. ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು, ಆಮೇಲೆ ಬಸ್‌ಸ್ಟ್ಯಾಂಡಿನ ಕಟ್ಟೆ. ಕಂಡಕ್ಟರುಗಳೆಲ್ಲ ಅವನ ಹೆಸರು ಹಿಡಿದು ಕರೆಯುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಬೆಳಗ್ಗೆ ಎದ್ದು ಖಾಲಿ ಸ್ಟೀಲ್ ಕ್ಯಾನು ಹಿಡಿದು ಲಿಫ್ಟ್ ಮುಂದೆ ನಿಲ್ಲುತ್ತಿದ್ದ. ಬಾಗಿಲು ತೆರೆದರೆ ಹೆದರಿ ಹಿಂದೆ ಸರಿಯುವುದು, ಮುಚ್ಚಿದರೆ ಮತ್ತೆ ನಿಲ್ಲುವುದು. ಕೊನೆಗೆ ನಮ್ಮ ಬೀದಿಯ ಹಾಲಿನ ಬೂತಿನವರ ಹತ್ತಿರ ಮಾತಾಡಿದೆ. ಈಗ ಬೆಳಗ್ಗೆ ಕ್ರೇಟು ಇಳಿಸಲು ಹೋಗುತ್ತಾನೆ. ಆದ್ದರಿಂದ ಒಮ್ಮೆಗೇ ಸಾಮಾನು ಕಟ್ಟಿಸಿ ಕರೆತರಬೇಡಿ. ಹಬ್ಬಕ್ಕೆ ಕರೆಸಿ, ನಾಲ್ಕು ದಿನ ಇಟ್ಟುಕೊಂಡು ನೋಡಿ, ವಾಪಸ್ ಕಳಿಸಿ, ಮತ್ತೆ ಕರೆಸಿ.

ಬ್ಯಾಂಕಿನ ವಿಷಯ ಒಂದು ನೆನಪಿರಲಿ. ಬೆಂಗಳೂರಲ್ಲಿ ಅವನಿಗೆ ಹೊಸ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದರೆ, ಸರ್ಕಾರದ ಹಣ ಹಳೆಯ ಖಾತೆ ಬಿಟ್ಟು ಹೊಸದಕ್ಕೆ ಹೋಗಬಹುದು. ಎಷ್ಟೋ ಜನ ಹಳೆ ಪಾಸ್‌ಬುಕ್ ನೋಡಿ 'ಪೆನ್ಷನ್ ನಿಂತೋಯ್ತು' ಅಂತ ಸುಮ್ನೆ ಅಲೆಯುತ್ತಾರೆ.

– ಹೆಸರು ಬೇಡ, ದಾವಣಗೆರೆ

*

ಅಮೆರಿಕದಲ್ಲೂ ಇದೇ ತಕರಾರು ಇದೆ, ಬೇರೆ ರೀತಿಯಲ್ಲಿ. ಇಲ್ಲಿ ಆದಾಯ ಕಡಿಮೆ ಇರುವ ಅಂಗವಿಕಲರಿಗೆ, ವೃದ್ಧರಿಗೆ ಸರ್ಕಾರ ಕೊಡುವ ಎಸ್‌ಎಸ್‌ಐ ಅಂತ ಒಂದು ನೆರವು. 2025ರಲ್ಲಿ ಒಬ್ಬರಿಗೆ ತಿಂಗಳಿಗೆ ಗರಿಷ್ಠ 967 ಡಾಲರ್. ಮಗುವಿಗೆ 18 ತುಂಬುವ ತನಕ ಅಪ್ಪ–ಅಮ್ಮನ ಆದಾಯ ಲೆಕ್ಕಕ್ಕೆ ಬರುತ್ತದೆ, ತುಂಬಿದ ಮೇಲೆ ಇಲ್ಲ. ಆದರೆ ತನ್ನ ಪಾಲಿನ ಮನೆ ಖರ್ಚು ಕೊಡದೆ ಮನೆಯವರ ಜೊತೆ ಇದ್ದರೆ ಸುಮಾರು ಮೂರನೇ ಒಂದು ಭಾಗದವರೆಗೆ ಕಡಿತವಾಗುತ್ತದೆ. ಹಾಗಾಗಿ ನಮ್ಮ ಪರಿಚಯದ ಕನ್ನಡದ ಕುಟುಂಬವೊಂದು ಆಟಿಸಂ ಇರುವ ಮಗನ ಜೊತೆ ಬಾಡಿಗೆ ಕರಾರು ಬರೆದುಕೊಂಡಿದೆ. ಹೆತ್ತ ಮಗನಿಗೆ ಬಾಡಿಗೆ ರಸೀದಿ! ಅವರಮ್ಮನಿಗೆ ಇವತ್ತಿಗೂ ಅದು ನುಂಗಲಾರದ ತುತ್ತು. ಮನೆಯವರು ಹಾಕುವ ಊಟವನ್ನೂ ಮೊದಲು ಲೆಕ್ಕ ಹಿಡಿಯುತ್ತಿದ್ದರು. 2024ರ ಸೆಪ್ಟೆಂಬರ್ ಕೊನೆಯಿಂದ ಅದೊಂದನ್ನು ಬಿಟ್ಟಿದ್ದಾರೆ.

– ಓದುಗ, ನ್ಯೂಜೆರ್ಸಿ

*

ವಸತಿ ಕೇಂದ್ರ ಅಂದಕೂಡಲೇ ತಮ್ಮನನ್ನು ಕೈಬಿಟ್ಟ ಹಾಗೆ ಅಂದುಕೊಳ್ಳಬೇಡಿ. ನನ್ನ ಮಗ ಅಂಥ ಕಡೆಯೇ ಇದ್ದಾನೆ, ಚೆನ್ನಾಗಿದ್ದಾನೆ. ಆದರೆ ಸೇರಿಸುವ ಮೊದಲು ಒಂದಿಡೀ ದಿನ ಅಲ್ಲಿ ಕೂತು ನೋಡಿ. ಹೇಳದೆ ಹೋಗಿ. ಮಧ್ಯಾಹ್ನದ ಊಟದ ಹೊತ್ತಿಗೆ ಒಳಗೆ ಬಿಡದ ಜಾಗ ನಮಗೆ ಬೇಡ. ಪಾಸ್‌ಬುಕ್, ಎಟಿಎಂ ಕಾರ್ಡ್ ನಮ್ಮಲ್ಲೇ ಇರಲಿ ಅಂದರೂ ಬೇಡ.

ಪಾಲಕತ್ವದ ಅರ್ಜಿ ಮಾತ್ರ ಈಗಲೇ ಹಾಕಿ. ಅವನು ಎಲ್ಲೇ ಇದ್ದರೂ ಅದು ಬೇಕೇ ಬೇಕು. ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಯ ಮುಂದೆ ಬರುತ್ತದೆ. ಅಪ್ಪ–ಅಮ್ಮ ಇಲ್ಲದಿದ್ದರೆ ಸಂಬಂಧಿಕರೂ ಕೇಳಬಹುದು. ಪಾಲಕರಾದ ಮೇಲೆ 6 ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಊರಿನ ಮನೆಯಲ್ಲಿ ಅವನಿಗೂ ಪಾಲಿದೆ ಅಲ್ವಾ, ಅದನ್ನು ಪಟ್ಟಿಯಲ್ಲಿ ಮರೆಯಬೇಡಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯನ್ನೂ ಮಾಡಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಖರ್ಚು ಬರುತ್ತದೆ. ನವೀಕರಣದ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಒಂದು ವೇಳೆ ಯಾವ ಪಿಂಚಣಿಯೂ ಬರದೆ ಅವನು ನಿಮ್ಮನ್ನೇ ನಂಬಿಕೊಂಡಿದ್ದರೆ, ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ 80ಡಿಡಿ ಅಡಿ ₹1,25,000 ವಿನಾಯಿತಿ ಇದೆ. ಶೇ 80 ಇರುವುದರಿಂದ ಅಷ್ಟು. ಆದರೆ ಅದು ನಿಮ್ಮ ಸಂಬಳದಲ್ಲಿ ಮಾತ್ರ ಸಿಗುತ್ತದೆ. ಯಜಮಾನರ ಲೆಕ್ಕಕ್ಕೆ ಬರಲ್ಲ, ಹೆಂಡತಿಯ ತಮ್ಮನನ್ನು ಆ ಕಲಮು ಅವಲಂಬಿತ ಅನ್ನುವುದಿಲ್ಲ.

– ಒಬ್ಬ ತಾಯಿ, ಮೈಸೂರು