ಮಗಳ ಕಣ್ಣು ಸಂಜೆ ಹೊತ್ತಿಗೆ ಒಳಕ್ಕೆ ತಿರುಗುತ್ತೆ: ಮಧುಗಿರಿಯೋ, ತುಮಕೂರೋ, ಬೆಂಗಳೂರೋ?

ಪ್ರಶ್ನೆ (ತಾಯಿ, ಮಧುಗಿರಿ ತಾಲೂಕು):
ಡಾಕ್ಟ್ರೇ, ಮಗಳಿಗೆ ಎರಡೂವರೆ ವರ್ಷ. ಒಂದೂವರೆ ತಿಂಗಳಿಂದ ಬಲಗಣ್ಣು ಮೂಗಿನ ಕಡೆಗೆ ತಿರುಗ್ತಿದೆ. ಬೆಳಿಗ್ಗೆ ಸರಿಯಾಗೇ ಇರುತ್ತೆ. ಸಂಜೆ ಸುಸ್ತಾದಾಗ, ಊಟದ ತಟ್ಟೆ ನೋಡುವಾಗ ಎದ್ದು ಕಾಣುತ್ತೆ. ಮೆಳ್ಳೆಗಣ್ಣು ಅದೃಷ್ಟ, ದೊಡ್ಡವಳಾದ್ಮೇಲೆ ತಾನೇ ಹೋಗುತ್ತೆ ಅಂತಾರೆ ಅತ್ತೆ. ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ಟೆಸ್ಟ್ ಮಾಡಿ ಮೈನಸ್ 1 ಅಂದ್ರು. ತಾಲೂಕು ಆಸ್ಪತ್ರೆಗೆ ತೋರಿಸಲಾ, ತುಮಕೂರಿಗೆ ಹೋಗಲಾ, ನೇರ ಬೆಂಗಳೂರಿಗಾ? ಬಿಪಿಎಲ್ ಕಾರ್ಡ್ ಇದೆ.

ಉತ್ತರ (ಮಕ್ಕಳ ಕಣ್ಣಿನ ವೈದ್ಯರು):
ನೋಡಿಯಮ್ಮ, ಯಾವ ಆಸ್ಪತ್ರೆ ಅನ್ನೋದು ಎರಡನೇ ಮಾತು. ಈ ಕಣ್ಣು ಎಷ್ಟು ದಿನ ಕಾಯಬಲ್ಲದು ಅನ್ನೋದು ಮೊದಲನೇದು. ಅದು ಗೊತ್ತಾದರೆ ಊರು ತಾನಾಗಿ ಗೊತ್ತಾಗುತ್ತೆ.

ಇವತ್ತೇ ಮನೆಯಲ್ಲಿ ಮೂರು ವಿಷಯ ನೋಡಿ. ಮೊದಲು, ಮೊಬೈಲಲ್ಲಿರೋ ಹಳೇ ಫೋಟೋಗಳು, ಅದರಲ್ಲೂ ಫ್ಲ್ಯಾಶ್ ಹಾಕಿ ತೆಗೆದವು. ಎರಡೂ ಪಾಪೆ ಕೆಂಪಗೆ ಒಂದೇ ಸಮ ಹೊಳೆಯಬೇಕು. ಒಂದು ಕೆಂಪು, ಇನ್ನೊಂದು ಬಿಳಿ ಅಥವಾ ಹಳದಿ ಇದ್ದರೆ ಆ ಫೋಟೋ ಅಳಿಸಬೇಡಿ, ನಾಳೆಯೇ ಹೊರಡಿ. ಪೊರೆ ಇರಬಹುದು, ಕಣ್ಣಿನೊಳಗಿನ ಗೆಡ್ಡೆ ರೆಟಿನೋಬ್ಲಾಸ್ಟೋಮಾ ಕೂಡ ಇರಬಹುದು. ಓರೆಯಾಗಿ ತೆಗೆದ ಫೋಟೋದಲ್ಲಿ ಒಳ್ಳೇ ಕಣ್ಣೂ ಒಮ್ಮೊಮ್ಮೆ ಬಿಳಿಯಾಗಿ ಹೊಳೆಯುತ್ತೆ ನಿಜ, ಆದರೆ ಅದನ್ನು ತೀರ್ಮಾನಿಸೋದು ಕಣ್ಣಿನ ಡಾಕ್ಟರು, ನೀವಲ್ಲ. ಆ ಗೆಡ್ಡೆ ಬಹಳ ಮಕ್ಕಳಲ್ಲಿ ಮೊದಲು ತೋರುವುದು ಬಿಳಿ ಪಾಪೆಯಾಗಿ, ಅದರ ನಂತರ ಹೆಚ್ಚಾಗಿ ಮೆಳ್ಳೆಗಣ್ಣಾಗಿ. ಹಾಗಾಗಿ ಯಾವ ಮೆಳ್ಳೆಗಣ್ಣನ್ನೂ ಕಣ್ಣಿನ ಒಳಗೆ ನೋಡದೆ ಬಿಡಬಾರದು. ಅದೃಷ್ಟದ ಮಾತು ಕೇಳಿ ಕಾಯುವುದರಲ್ಲಿ ಇರೋ ಅಪಾಯ ಇದೇ.

ಎರಡನೇದು, ಮಗು ಕಾರ್ಟೂನ್ ನೋಡುವಾಗ ಅಂಗೈಯಿಂದ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಎಡಗಣ್ಣು ಮುಚ್ಚಿದಾಗ ಮಾತ್ರ ಅತ್ತು ಕೈ ತಳ್ಳಿದರೆ ಬಲಗಣ್ಣಿನ ದೃಷ್ಟಿ ಕಮ್ಮಿ ಎಂದರ್ಥ. ಯಾವುದನ್ನು ಮುಚ್ಚಿದರೂ ಒಂದೇ ಥರ ಗಲಾಟೆ ಮಾಡಿದರೆ, ಅದು ಬರೀ ಕೈಯ ಮೇಲಿನ ಸಿಟ್ಟು.

ಮೂರನೇದು, ಎರಡು ಅಡಿ ದೂರದಿಂದ ಸಣ್ಣ ಟಾರ್ಚ್ ಹಿಡಿಯಿರಿ. ಬೆಳಕಿನ ಚುಕ್ಕಿ ಎರಡೂ ಕಣ್ಣಲ್ಲಿ ಪಾಪೆಯ ನಟ್ಟನಡುವೆ ಒಂದೇ ಜಾಗದಲ್ಲಿ ಬಿದ್ದರೆ, ಆ ಕ್ಷಣಕ್ಕೆ ಕಣ್ಣು ನೆಟ್ಟಗಿದೆ. ಮೂಗಿನ ಬುಡ ಅಗಲವಿರುವ ಮಕ್ಕಳಲ್ಲಿ ಕಣ್ಣಿನ ಬಿಳಿಭಾಗ ಮುಚ್ಚಿಹೋಗಿ ಮೆಳ್ಳೆಯ ಹಾಗೆ ಕಾಣುವುದುಂಟು, ಅದು ನಿಜವಾದ ಮೆಳ್ಳೆಯಲ್ಲ. ನೀವು ಹೇಳಿದ್ದು ಹಾಗಿಲ್ಲ. ಎರಡು ಮೂರು ವರ್ಷದಲ್ಲಿ ಶುರುವಾಗಿ, ಹತ್ತಿರದ್ದನ್ನು ನೋಡುವಾಗ, ಸುಸ್ತಾದಾಗ ಜಾಸ್ತಿಯಾಗುವ ಒಳಮೆಳ್ಳೆಗೆ ಸಾಮಾನ್ಯ ಕಾರಣ ಪ್ಲಸ್ ಪವರ್. ಸ್ಪಷ್ಟವಾಗಿ ಕಾಣಲು ಮಗು ಕಣ್ಣಿನ ಒಳಗಿನ ಸ್ನಾಯುವನ್ನು ಬಿಗಿ ಹಿಡಿಯುತ್ತೆ, ಆ ಬಿಗಿತದ ಜೊತೆಗೇ ಕಣ್ಣು ಒಳಕ್ಕೆ ತಿರುಗುತ್ತೆ. ಪೂರ್ತಿ ಪ್ಲಸ್ ಕನ್ನಡಕ ಕೊಟ್ಟರೆ ಎಷ್ಟೋ ಮಕ್ಕಳಿಗೆ ಆಪರೇಷನ್ ಇಲ್ಲದೆಯೇ ಕಣ್ಣು ನೆಟ್ಟಗಾಗುತ್ತೆ.

ಫೋಟೋದಲ್ಲಿ ಬಿಳಿ ಇಲ್ಲ ಎಂದಾದರೆ ನಿಮಗೆ ಒಂದರಿಂದ ಎರಡು ವಾರ ಸಮಯವಿದೆ, ತಿಂಗಳುಗಟ್ಟಲೆ ಇಲ್ಲ. ತಿರುಗಿದ ಕಣ್ಣಿನ ಚಿತ್ರವನ್ನು ಮೆದುಳು ಕೈಬಿಟ್ಟರೆ ಆ ಕಣ್ಣು ಸೋಮಾರಿ ಕಣ್ಣಾಗುತ್ತೆ. 7 ವರ್ಷದೊಳಗೆ ಅದನ್ನು ತಿದ್ದುವುದು ಸುಲಭ, ಆಮೇಲೆ ಕಷ್ಟ.

ಉತ್ತರ (ಆಪ್ಟೊಮೆಟ್ರಿಸ್ಟ್, ತುಮಕೂರು):
ಕಣ್ಣಿನ ಪವರ್ ಅಳೆಯೋದು ನನ್ನ ಕೆಲಸ, ಡಾಕ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆ ಮೈನಸ್ 1 ಕನ್ನಡಕ ಮಾಡಿಸಬೇಡಿ. ಕಣ್ಣಿನ ಬಿಗಿತ ಸಡಿಲಿಸೋ ಹನಿ ಹಾಕದೆ ಕಂಪ್ಯೂಟರ್ ಮೆಷಿನ್ ಮುಂದೆ ಕೂರಿಸಿದರೆ ಮಗು ಒಳಗಿನ ಗುರುತನ್ನು ದಿಟ್ಟಿಸಿ ಕಣ್ಣು ಬಿಗಿ ಮಾಡುತ್ತೆ, ಪ್ಲಸ್ ಇರೋ ಕಣ್ಣು ಮೈನಸ್ ಅಂತ ತೋರಿಸುತ್ತೆ. ಅದೇ ಕನ್ನಡಕ ಹಾಕಿಸಿದರೆ ಮೆಳ್ಳೆ ಇನ್ನೂ ಹೆಚ್ಚುತ್ತೆ.

ಈ ವಯಸ್ಸಿಗೆ, ಒಳಮೆಳ್ಳೆ ಇದ್ದರೆ, ಸಾಮಾನ್ಯವಾಗಿ ಆ ಬಿಗಿತ ಸಡಿಲಿಸೋ ಅಟ್ರೋಪಿನ್ 1% ಮುಲಾಮು ಬರೆದುಕೊಡ್ತಾರೆ: ದಿನಕ್ಕೆ 2 ಸಲ, 3 ದಿನ. ನಂತರ ರೆಟಿನೋಸ್ಕೋಪ್ ಅನ್ನೋ ಬೆಳಕಿನ ಉಪಕರಣ ಹಿಡಿದು ಕೈಯಿಂದಲೇ ಪವರ್ ಅಳೀತಾರೆ. ಬಹಳ ಜನ ಎಡವೋದು ಇಲ್ಲೇ. ಬೆಂಗಳೂರಿಗೆ ಹೋಗಿ ಇಡೀ ದಿನ ಕೂತು, ಮುಲಾಮು ಬರೆಸಿಕೊಂಡು ಬರಿಗೈಲಿ ವಾಪಸ್ ಬರ್ತಾರೆ, ಮತ್ತೆ ನಾಲ್ಕನೇ ದಿನ ಹೋಗಬೇಕು. ಅದರ ಬದಲು ಮೊದಲ ಭೇಟಿಯನ್ನು ಹತ್ತಿರದಲ್ಲೇ ಮುಗಿಸಿ. ಕಣ್ಣಿನ ಡಾಕ್ಟರು ಮೊದಲು ಕಣ್ಣಿನ ಒಳಗೆ ಬೆಳಕು ಹಾಕಿ ನೋಡಲಿ, ಮುಲಾಮು ಅವರೇ ಬರೆಯಲಿ. ಮೆಡಿಕಲ್ ಸ್ಟೋರಲ್ಲಿ ನೀವೇ ಕೇಳಿ ತರಬೇಡಿ.

ಹಾಕುವಾಗ ಅಕ್ಕಿಕಾಳಿನಷ್ಟು ಸಾಕು, ಕೆಳರೆಪ್ಪೆ ಎಳೆದು ಒಳಗೆ. ಮಿಕ್ಕದ್ದನ್ನು ಒರೆಸಿ, ಕೈ ತೊಳೆಯಿರಿ, ಟ್ಯೂಬ್ ಮಗುವಿಗೆ ಸಿಗದ ಹಾಗೆ ಮೇಲಿಡಿ, ನುಂಗಿದರೆ ವಿಷ. ಮುಖ ಕೆಂಪೇರಿ, ಮೈ ಬಿಸಿಯಾಗಿ, ಬಾಯಿ ಒಣಗಿ, ಮಗು ಚಡಪಡಿಸಿದರೆ ಹಾಕೋದು ನಿಲ್ಲಿಸಿ, ಹತ್ತಿರದ ಆಸ್ಪತ್ರೆಗೆ ತೋರಿಸಿ. ಪಾಪೆ ದೊಡ್ಡದಾಗಿ ಬೆಳಕಿಗೆ ಕಣ್ಣು ಕಿರಿದು ಮಾಡೋದು ಒಂದೆರಡು ವಾರ ಇರುತ್ತೆ, ಅದಕ್ಕೆ ಹೆದರಬೇಡಿ.

ಪ್ರಶ್ನೆ (ತಾಯಿ):
ಹಾಗಾದ್ರೆ ಹತ್ತಿರ ಅಂದ್ರೆ ಎಲ್ಲಿ ಸರ್?

ಉತ್ತರ (ಮಕ್ಕಳ ಕಣ್ಣಿನ ವೈದ್ಯರು):
ತಾಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಯಾವ ದಿನ ಇರ್ತಾರೆ ಅಂತ ಆಶಾ ಕಾರ್ಯಕರ್ತೆ ಮೂಲಕ ವಿಚಾರಿಸಿ. ಅಲ್ಲಿ ನೇತ್ರಾಧಿಕಾರಿ (ಡಾಕ್ಟರಲ್ಲದ ಕಣ್ಣಿನ ಸಿಬ್ಬಂದಿ) ಮಾತ್ರ ಇದ್ದರೆ ಚೀಟಿ ಬರೆಸಿಕೊಂಡು ತುಮಕೂರು ಜಿಲ್ಲಾಸ್ಪತ್ರೆಗೆ ಹೋಗಿ. ಸಿದ್ಧಾರ್ಥ, ಶ್ರೀದೇವಿ ಎರಡೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಕಣ್ಣಿನ ವಿಭಾಗ ಇದೆ. ಚೀಟಿ ಮಾಡಿಸುವಾಗ ಎರಡು ಪ್ರಶ್ನೆ ಕೇಳಿ: "ಎರಡೂವರೆ ವರ್ಷದ ಮಗುವಿಗೆ ಅಟ್ರೋಪಿನ್ ಹಾಕಿ ಪವರ್ ನೋಡ್ತೀರಾ? ರೆಟಿನಾ (ಕಣ್ಣಿನ ಹಿಂದಿನ ಪರದೆ) ನೋಡ್ತೀರಾ?" ಎರಡಕ್ಕೂ ಹೌದು ಅಂದರೆ ಅದೇ ಸರಿಯಾದ ಜಾಗ.

ಬೆಂಗಳೂರು ಬೇಕಾಗೋದು ಯಾವಾಗ ಅಂದ್ರೆ, ಬಿಳಿ ಪಾಪೆ ಇದ್ದರೆ, ಪೊರೆ ಇದ್ದರೆ, ಪೂರ್ತಿ ಪವರಿನ ಕನ್ನಡಕ ಎರಡು ಮೂರು ತಿಂಗಳು ಹಾಕಿದ ಮೇಲೂ ಮೆಳ್ಳೆ ಉಳಿದರೆ. ಸರ್ಕಾರಿ ಆಸ್ಪತ್ರೆ ಅಂದರೆ ಮಿಂಟೋ. ತುಮಕೂರು ಬಸ್ಸಲ್ಲಿ ಗೊರಗುಂಟೆಪಾಳ್ಯಕ್ಕೆ ಇಳಿದು ಹಸಿರು ಮೆಟ್ರೊ ಹತ್ತಿದರೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ, ಅಲ್ಲಿಂದ ಹತ್ತಿರ. ಖಾಸಗಿಯಲ್ಲಿ ರಾಜಾಜಿನಗರದ ನಾರಾಯಣ ನೇತ್ರಾಲಯ, ಕುಂದಲಹಳ್ಳಿ ಗೇಟಿನ ಶಂಕರ ಕಣ್ಣಿನ ಆಸ್ಪತ್ರೆ, ಎರಡರಲ್ಲೂ ಮಕ್ಕಳ ಕಣ್ಣಿಗೆ ಪ್ರತ್ಯೇಕ ವಿಭಾಗವಿದೆ.

ಬಿಪಿಎಲ್ ಕಾರ್ಡಿನ ವಿಷಯ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತಲ್ಲದ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನೇರವಾಗಿ ಖಾಸಗಿಗೆ ಹೋಗಿ ಆಮೇಲೆ ರೆಫರಲ್ಲಿಗೆ ವಾಪಸ್ ಓಡಾಡಬೇಡಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರೋ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡದ ಕಾರ್ಡ್ ಇದ್ದರೆ ಅದೂ ಜೊತೆಗಿರಲಿ. 18 ವರ್ಷದವರೆಗಿನ ಮಕ್ಕಳಿಗೆ ಆ ಯೋಜನೆ ಇದೆ.

ಉತ್ತರ (ಆಪ್ಟೊಮೆಟ್ರಿಸ್ಟ್, ತುಮಕೂರು):
ಕನ್ನಡಕ ಬಂದ ಮೇಲಿನ ಮಾತು. ಗಾಜಿನ ಲೆನ್ಸ್ ಬೇಡ, ಸುಲಭವಾಗಿ ಒಡೆಯದ ಪ್ಲಾಸ್ಟಿಕ್, ಪಾಲಿಕಾರ್ಬೊನೇಟ್ ಹಾಕಿಸಿ. ಹಿಂದೆ ಎಲಾಸ್ಟಿಕ್ ಪಟ್ಟಿ ಇರಲಿ. ಪಾಪೆ ಲೆನ್ಸಿನ ನಡುವೆ ಬರಬೇಕು, ಫ್ರೇಮ್ ಮೂಗಿನ ಮೇಲೆ ಜಾರಿದರೆ ಮಗು ಮೇಲಿಂದ ಇಣುಕುತ್ತೆ, ಹಾಕಿದ್ದೂ ವ್ಯರ್ಥ. ಎದ್ದಾಗಿನಿಂದ ಮಲಗೋವರೆಗೆ ಹಾಕಿರಬೇಕು. ತೆಗೆದ ತಕ್ಷಣ ಕಣ್ಣು ಮತ್ತೆ ಒಳಗೆ ಹೋಗುತ್ತೆ, ಮೊದಲಿಗಿಂತ ಜಾಸ್ತಿ ಹೋದಂತೆಯೂ ಕಾಣುತ್ತೆ. "ಕನ್ನಡಕದಿಂದಲೇ ಕೆಟ್ಟಿತು" ಅಂತ ಆಗ ತೆಗೆದಿಟ್ಟುಬಿಡೋರು ಬಹಳ. ಹಾಕಿದಾಗ ನೆಟ್ಟಗಿದ್ದರೆ ಕನ್ನಡಕ ತನ್ನ ಕೆಲಸ ಮಾಡ್ತಿದೆ ಎಂದೇ ಅರ್ಥ.

ಪ್ರಶ್ನೆ (ಶಿರಾದಿಂದ ಒಬ್ಬರು):
ಇದೇ ಎಳೆಯಲ್ಲಿ ಕೇಳ್ತಿದೀನಿ, ಕ್ಷಮಿಸಿ. ತಂಗಿಯ ಮಗು 31 ವಾರಕ್ಕೆ ಹುಟ್ಟಿತು, 1 ಕೆಜಿ 400 ಗ್ರಾಂ. ಇವತ್ತಿಗೆ 22 ದಿನ. ಕಣ್ಣಿನ ಟೆಸ್ಟ್ ಬಗ್ಗೆ ಬಿಡುಗಡೆ ಚೀಟಿಯಲ್ಲಿ ಏನೂ ಬರೆದಿಲ್ಲ. ಬಾಣಂತನ ಮುಗಿದ ಮೇಲೆ ತೋರಿಸಿದರೆ ಆಗುತ್ತಾ?

ಉತ್ತರ (ಮಕ್ಕಳ ಕಣ್ಣಿನ ವೈದ್ಯರು):
ಆಗೋದಿಲ್ಲ. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಗುವಿಗೆ ಹುಟ್ಟಿದ 30 ದಿನದೊಳಗೆ ರೆಟಿನಾ ನೋಡಿರಲೇಬೇಕು. ನಿಮಗೆ ಉಳಿದಿರೋದು 8 ದಿನ. 28 ವಾರಕ್ಕೂ ಮುಂಚೆ ಅಥವಾ 1200 ಗ್ರಾಂಗಿಂತ ಕಮ್ಮಿ ಇದ್ದರೆ ಇನ್ನೂ ಬೇಗ, ಎರಡು ಮೂರು ವಾರಕ್ಕೇ. ಹೊರಗಿಂದ ಕಣ್ಣು ಥಳಥಳ ಅಂತಿರುತ್ತೆ, ಒಳಗೆ ರೆಟಿನಾದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದಿರಬಹುದು. ಅದಕ್ಕೆ ಆರ್‌ಒಪಿ ಅಂತಾರೆ. ಲೇಸರ್ ಬೇಕು ಅಂತಾದರೆ ಎರಡು ಮೂರು ದಿನದೊಳಗೆ ಆಗಬೇಕು.

ಮಗು ದಾಖಲಾಗಿದ್ದ ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ನಾಳೆ ಬೆಳಿಗ್ಗೆಯೇ ಫೋನ್ ಮಾಡಿ, "ಆರ್‌ಒಪಿ ಸ್ಕ್ರೀನಿಂಗ್ ಎಲ್ಲಿ, ಯಾವತ್ತು?" ಎಂದೇ ಕೇಳಿ. ಬರೀ "ಕಣ್ಣು ನೋಡಿ" ಅಂದರೆ ಟಾರ್ಚ್ ಹಾಕಿ ನೋಡಿ ಕಳಿಸಿಬಿಡಬಹುದು. ಅಲ್ಲಿ ಏರ್ಪಾಡಿಲ್ಲದಿದ್ದರೆ ಮಿಂಟೋ ಅಥವಾ ನಾರಾಯಣ ನೇತ್ರಾಲಯ. ನಾರಾಯಣದವರು ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಕಿಡ್‌ರಾಪ್ ಅನ್ನೋ ಹೆಸರಲ್ಲಿ ಕ್ಯಾಮೆರಾ ಒಯ್ದು ಈ ಪರೀಕ್ಷೆಯನ್ನೇ ಮಾಡ್ತಾರೆ. ಪರೀಕ್ಷೆಗೆ ಒಂದು ಗಂಟೆ ಮುಂಚೆ ಹಾಲು ನಿಲ್ಲಿಸಿ, ಇಲ್ಲದಿದ್ದರೆ ವಾಂತಿ ಆಗಬಹುದು. ಬೆಚ್ಚಗೆ ಬಟ್ಟೆ ಸುತ್ತಿ ಕರ್ಕೊಂಡು ಹೋಗಿ. ಮೊದಲ ಸಲ ಚೆನ್ನಾಗಿದೆ ಅಂದರೂ, "ರಕ್ತನಾಳ ಪೂರ್ತಿ ಬೆಳೆದಿದೆ, ಇನ್ನು ಬರಬೇಡಿ" ಅಂತ ಹೇಳೋವರೆಗೆ ಅವರು ಕೊಟ್ಟ ದಿನಕ್ಕೆ ಹೋಗ್ತಾನೇ ಇರಬೇಕು.

ಪ್ರಶ್ನೆ (ಗುಬ್ಬಿ):
ಎಲೆಅಡಿಕೆ ಸುಣ್ಣ ಮಗುವಿನ ಕಣ್ಣಿಗೆ ಸಿಡಿದರೆ ಎಲ್ಲಿಗೆ ಓಡಬೇಕು ಸರ್? ನಂದಿಬಟ್ಟಲ ಹೂವಿನ ರಸ ಬಿಡ್ತಾರೆ ನಮ್ಮ ಕಡೆ.

ಉತ್ತರ (ಮಕ್ಕಳ ಕಣ್ಣಿನ ವೈದ್ಯರು):
ಮೊದಲು ಓಡಬೇಕಾದ್ದು ಮನೆಯ ನಲ್ಲಿಗೆ. ಹೂವಿನ ರಸ, ಎದೆಹಾಲು, ಎಣ್ಣೆ, ನಿಂಬೆರಸ ಯಾವುದೂ ಬೇಡ. ಕುಡಿಯೋ ನೀರು ಕೈಗೆ ಸಿಕ್ಕರೆ ಅದೇ ಸರಿ. ಒಬ್ಬರು ಮಗುವನ್ನು ಟವೆಲ್ ಸುತ್ತಿ ಹಿಡೀಲಿ, ಇನ್ನೊಬ್ಬರು ರೆಪ್ಪೆ ಅಗಲಿಸಿ ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಬಿಡಲಿ, 30 ನಿಮಿಷ, ಗಡಿಯಾರ ನೋಡಿ. ಮೇಲ್ರೆಪ್ಪೆಯ ಕೆಳಗೆ ಸುಣ್ಣದ ಕಣ ಉಳಿದರೆ ಅದು ಕರಗುತ್ತಾ ಸುಡುತ್ತಲೇ ಇರುತ್ತೆ, ಕಂಡರೆ ಒದ್ದೆ ಹತ್ತಿಯಿಂದ ತೆಗೀರಿ. ಆಮೇಲೆ ಗುಬ್ಬಿಯಲ್ಲೇ ಹತ್ತಿರದ ಆಸ್ಪತ್ರೆಗೆ, ತುಮಕೂರಿಗೆ ಹೊರಡೋ ಮುಂಚೆ. ಅಲ್ಲಿ ಸಲೈನ್ ಬಾಟಲಿಗೆ ಡ್ರಿಪ್ ಪೈಪ್ ಹಾಕಿ ಮತ್ತೆ ತೊಳೆಸಿ, ನಂತರ ಜಿಲ್ಲಾಸ್ಪತ್ರೆಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಕಡ್ಡಿ, ಸೂಜಿ, ಪೆನ್ಸಿಲ್ ಚುಚ್ಚಿದ ಕಣ್ಣಿಗೆ ಮಾತ್ರ ಇದರ ತದ್ವಿರುದ್ಧ. ತೊಳೆಯಬೇಡಿ, ಒತ್ತಬೇಡಿ, ಸಿಕ್ಕಿಕೊಂಡಿರೋದನ್ನು ಕೀಳಬೇಡಿ. ಪೇಪರ್ ಕಪ್ಪನ್ನು ಕಣ್ಣಿಗೆ ತಾಗದ ಹಾಗೆ ಮೇಲೆ ಕವುಚಿ ಟೇಪ್ ಹಾಕಿ. ಮಗುವಿಗೆ ಏನೂ ತಿನ್ನಿಸಬೇಡಿ, ಯಾಕಂದ್ರೆ ಅರಿವಳಿಕೆ ಕೊಟ್ಟು ಹೊಲಿಗೆ ಹಾಕಬೇಕಾಗಬಹುದು. ಕೊನೇ ಸಲ ತಿಂದದ್ದು ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಂಡು ಹೊರಡಿ, ಆಸ್ಪತ್ರೆಯಲ್ಲಿ ಅದನ್ನು ಕೇಳೇ ಕೇಳ್ತಾರೆ.